ಪುಟ್ಟಿಗೆ: ಹೋಗು, ಆದರೆ ಬೆನ್ನು ಒತ್ತಿಸಿಕೊಳ್ಳಬೇಡ

ಪುಟ್ಟಿ, ಬೆಳಿಗ್ಗೆ ನೀನು ಗ್ರೂಪಿನಲ್ಲಿ ಹಾಕಿದ್ದನ್ನು ಈಗ ನೋಡಿದೆ. ಕನ್ನಡಕ ಎಲ್ಲಿಟ್ಟೆನೋ ಸಿಗುತ್ತಿಲ್ಲ. ಅದಕ್ಕೆ ಟೈಪ್ ಮಾಡದೆ ಮಾತಾಡಿಯೇ ಕಳಿಸುತ್ತಿದ್ದೇನೆ. ಉದ್ದ ಆದರೆ ಬೈಬೇಡ, ಪಾತ್ರೆ ತೊಳೆಯುತ್ತಾ ಕೇಳು.

ಆನೆಗೊಂದಿ ಹತ್ತಿರ ಐದು ದಿನದ ಶಿಬಿರಕ್ಕೆ ದುಡ್ಡು ಕಟ್ಟಿದ್ದೀಯ, ಯೋಗ ಮತ್ತು ಅದೇನೋ ಸೊಮ್ಯಾಟಿಕ್ ಅಂತೆ, ಬಂಡೆ ಮೇಲೆ ಬರಿಗಾಲಲ್ಲಿ ನಡೆಸುತ್ತಾರಂತೆ, ಕಣ್ಣು ಮುಚ್ಚಿಸಿ ಮೈ ಅಲುಗಾಡಿಸುತ್ತಾರಂತೆ, ಕೆಲವರು ಅತ್ತೇಬಿಡುತ್ತಾರಂತೆ, ನಿನಗೆ ಮೊದಲೇ ಸೊಂಟ ನೋವು, ಎಡಗಾಲು ಜುಮ್ ಅನ್ನುತ್ತೆ, ಹೋಗಲೋ ಬೇಡವೋ ಅಂತ ಕೇಳಿದ್ದೀಯ. ಅದಕ್ಕೆ ಸಿಂಧನೂರು ಅಕ್ಕ ‘ಹೋಗಬೇಡ’ ಅಂದಳು, ನಿಮ್ಮ ಮಾವ ಒಂದು ಹೆಬ್ಬೆರಳು ಹಾಕಿ ಸುಮ್ಮನಾದ. ಹೆಬ್ಬೆರಳು ಅಂದರೆ ಹೋಗು ಅಂತಲೋ ಬೇಡ ಅಂತಲೋ?

ನನ್ನ ಸೊಂಟದ ಕಥೆ ನಿಮಗೆಲ್ಲ ಗೊತ್ತು. ಆದರೂ ಹೇಳುತ್ತೇನೆ, ಯಾಕಂದರೆ ನೀವೆಲ್ಲ ಅರ್ಧ ಕೇಳಿದ್ದೀರಿ.

2015 ರಲ್ಲಿ ಮೊದಲ ಸಲ ಯೋಗ ದಿನ ಬಂತಲ್ಲ, ಜೂನ್ 21, ಆಗ ಊರೆಲ್ಲ ಯೋಗವೇ ಯೋಗ. ನನಗೆ ಆಗ ಐವತ್ತೊಂದು. ಒಂದು ಹತ್ತು ದಿನದ ಶಿಬಿರಕ್ಕೆ ನಾನೂ ಅಕ್ಕನೂ ಸೇರಿದೆವು. ಯಾರ ಶಿಬಿರ ಅಂತ ಹೇಳಲ್ಲ, ಬಿಡು. ಬಯಲಲ್ಲಿ ಜಮಖಾನೆ ಹಾಸಿದ್ದರು. ಕಲಿಸುವವನು ನನ್ನ ಹಳೆ ವಿದ್ಯಾರ್ಥಿಯಷ್ಟು ವಯಸ್ಸಿನ ಹುಡುಗ, ಮೈಕ್ ಹಿಡಿದು ಒಳ್ಳೆ ಜಾತ್ರೆಯಲ್ಲಿ ಕೂಗಿದ ಹಾಗೆ ಕೂಗುತ್ತಿದ್ದ. ಏಳನೆಯ ದಿನ ಪಶ್ಚಿಮೋತ್ತಾನಾಸನ. ಕಾಲು ಚಾಚಿ ಕೂತು ಮುಂದಕ್ಕೆ ಬಾಗಿ ಹೆಬ್ಬೆರಳು ಹಿಡಿಯೋದು. ಅಕ್ಕ ಸಲೀಸಾಗಿ ಹಿಡಿದಳು. ಹಿಡಿಯದೆ ಏನು, ಆಕೆಯ ಸೊಂಟ ಮೂವತ್ತು ವರ್ಷ ಗದ್ದೆಯಲ್ಲಿ ನಾಟಿ ಮಾಡಿ ಬಾಗಿದ್ದು. ನನ್ನ ಸೊಂಟ ಮೂವತ್ತು ವರ್ಷ ಕುರ್ಚಿಯಲ್ಲಿ ಕೂತು ಹಾಜರಿ ಕರೆದದ್ದು. ನನ್ನ ಕೈ ಮಂಡಿ ದಾಟಲಿಲ್ಲ. ಆ ಹುಡುಗ ಹಿಂದಿನಿಂದ ಬಂದ, ‘ಅಮ್ಮಾ ಉಸಿರು ಬಿಡ್ರಿ’ ಅಂದ, ಎರಡೂ ಕೈ ಬೆನ್ನ ಮೇಲೆ ಇಟ್ಟು ಒತ್ತಿದ.

ಟಕ್ ಅಂತು. ನನಗೆ ಮಾತ್ರ ಕೇಳಿಸಿತು.

ಆ ಕ್ಷಣಕ್ಕೆ ನೋವೇ ಇರಲಿಲ್ಲ, ನೋಡು. ನಕ್ಕೆ ಕೂಡ. ಅಕ್ಕನ ಮುಂದೆ ಸೋಲಬಾರದು ಅಂತ ಉಳಿದದ್ದೂ ಮಾಡಿದೆ. ಮಾರನೆ ದಿನ ಬೆಳಿಗ್ಗೆ ಹಾಸಿಗೆಯಿಂದ ಏಳೋಕೆ ಹೋದರೆ ಸೊಂಟದಿಂದ ಹಿಮ್ಮಡಿ ತನಕ ಯಾರೋ ಕಾದ ತಂತಿ ಎಳೆದ ಹಾಗೆ. ಎಂಆರ್‌ಐ ಮಾಡಿಸಿದರೆ ಸೊಂಟದ ಎಲ್ 4, ಎಲ್ 5 ಅನ್ನೋ ಎರಡು ಮೂಳೆಗಳ ನಡುವಿನ ಮೆತ್ತೆ, ಅದೇ ಡಿಸ್ಕ್, ಹಿಂದಕ್ಕೆ ಉಬ್ಬಿ ನರಕ್ಕೆ ತಾಗಿತ್ತು. ಮುಂದಕ್ಕೆ ಬಾಗಿದಾಗ ಬೆನ್ನುಮೂಳೆ ಆ ಡಿಸ್ಕನ್ನು ಮುಂದಿನಿಂದ ಅದುಮಿ ಹಿಂದಕ್ಕೆ ತಳ್ಳುತ್ತೆ, ಅದರ ಮೇಲೆ ಇನ್ನೊಬ್ಬರ ಭಾರ ಬಿದ್ದರೆ ಏನಾಗುತ್ತೆ ಹೇಳು. ಒಂದೂವರೆ ತಿಂಗಳು ಮಲಗಿದ್ದೆ. ಸೀನಿದರೂ ಪ್ರಾಣ ಹೋದ ಹಾಗೆ.

ಆ ಹುಡುಗನನ್ನೊಬ್ಬನನ್ನೇ ಬೈಯಲ್ಲ. ತಪ್ಪು ನನ್ನದೂ ಇತ್ತು. ಸಾವಿರ ಮಕ್ಕಳಿಗೆ ‘ಸುಮ್ಮನೆ ಕೂತ್ಕೋ’ ಅಂದವಳು, ಒಬ್ಬನಿಗೆ ‘ಕೈ ತೆಗಿಯಪ್ಪಾ’ ಅನ್ನಲಿಲ್ಲ.

ಅದಕ್ಕೇ ಹೇಳುವುದು ಪುಟ್ಟಿ, ಯಾರಾದರೂ ಬೆನ್ನ ಮೇಲೆ ಕೈ ಇಟ್ಟು ಒತ್ತೋಕೆ ಬಂದರೆ ಎದ್ದು ಬಂದುಬಿಡು. ದೊಡ್ಡ ಗುರುವಾಗಲಿ, ಫಾರಿನ್‌ನವನಾಗಲಿ. ಯೋಗಸೂತ್ರ ಬರೆದ ಪತಂಜಲಿ ಆಸನ ಅಂದರೆ ಏನು ಅಂತ ಹೇಳಿದ್ದು ಮೂರೇ ಶಬ್ದದಲ್ಲಿ, ಸ್ಥಿರ ಸುಖಂ ಆಸನಂ. ಅಲುಗದೆ, ಸುಖವಾಗಿ ಕೂರು ಅಂತ. ಹೆಬ್ಬೆರಳು ಹಿಡಿ ಅಂತ ಎಲ್ಲಿದೆ ಅದರಲ್ಲಿ? ನಮ್ಮ ಕೋಲಾರ ಜಿಲ್ಲೆಯಲ್ಲಿ ಹುಟ್ಟಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಅವರು ಕೈ ಹೆಬ್ಬೆರಳಿಗೆ ಎಟುಕದವರಿಗೆ ಹಗ್ಗ, ಮರದ ಇಟ್ಟಿಗೆ, ಕುರ್ಚಿ, ಗೋಡೆ ಎಲ್ಲ ಕೊಟ್ಟರು. ನಮ್ಮ ಶಿಬಿರದಲ್ಲಿ ಒಂದು ದಿಂಬೂ ಇರಲಿಲ್ಲ.

ಇರು, ಕುಕ್ಕರ್ ಕೂಗುತ್ತಿದೆ... ಹಾಂ, ಬಂದೆ.

ಆಮೇಲೆ ಹೊಸಪೇಟೆಯಲ್ಲಿ ಒಬ್ಬ ಫಿಸಿಯೋಥೆರಪಿ ಹುಡುಗಿ ಸಿಕ್ಕಳು. ನಾನು ಸೊಮ್ಯಾಟಿಕ್ ಅನ್ನೋ ಶಬ್ದ ಮೊದಲು ಕೇಳಿದ್ದೇ ಆಕೆಯಿಂದ. ಸೋಮಾ ಅಂದರೆ ಗ್ರೀಕಿನಲ್ಲಿ ದೇಹವಂತೆ. ಥಾಮಸ್ ಹಾನ್ನಾ ಅಂತ ಅಮೆರಿಕದವರು 1976 ರಲ್ಲಿ ಈ ಅಭ್ಯಾಸಕ್ಕೆ ಸೊಮ್ಯಾಟಿಕ್ಸ್ ಅಂತ ಹೆಸರಿಟ್ಟದ್ದು. ಹೊರಗಿನವರು ನೋಡುವ ಮೈ ಬೇರೆ, ಒಳಗಿನಿಂದ ನಮಗೇ ತಿಳಿಯುವ ಮೈ ಬೇರೆ, ಆ ಒಳಗಿನ ಮೈಯೇ ಸೋಮಾ ಅಂತ. ದಿನವಿಡೀ ಒಂದೇ ಕಡೆ ಬಿಗಿಹಿಡಿದು ಕೂತರೆ ಮಿದುಳಿಗೆ ಆ ಮಾಂಸಖಂಡ ಸಡಿಲ ಬಿಡುವುದೇ ಮರೆತುಹೋಗುತ್ತೆ ಅಂದರು ಅವರು. ಎಳೆದರೆ ಅದು ಇನ್ನೂ ಬಿಗಿಯುತ್ತೆ. ಅದಕ್ಕೆ ಎಳೆಯಬಾರದು. ನಾವೇ ಬೇಕಂತ ಸ್ವಲ್ಪ ಬಿಗಿ ಮಾಡಿ, ಆಮೇಲೆ ತೀರಾ ನಿಧಾನಕ್ಕೆ ಬಿಡಬೇಕು. ನಾಯಿ, ಬೆಕ್ಕು ನಿದ್ದೆಯಿಂದ ಎದ್ದು ಮಾಡುತ್ತವಲ್ಲ, ಅದೇ.

ನಾನು ಕೇಳಿದೆ, ‘ಇದು ಮೈ ಮುರಿಯೋದಲ್ವಾ?’ ಆಕೆ ನಕ್ಕು ‘ಹೌದ್ರಿ ಮೇಡಂ, ಅದೇ’ ಅಂದಳು. ನೋಡು ಮತ್ತೆ! ನಮ್ಮವ್ವ, ನಿಮ್ಮಜ್ಜಿ, ಹೊಸ್ತಿಲಲ್ಲಿ ನಿಂತು ಮೈ ಮುರಿದರೆ ದರಿದ್ರ ಬರುತ್ತೆ ಅಂತ ಬೆನ್ನಿಗೆ ಗುದ್ದುತ್ತಿದ್ದಳು.

ಹಿತ್ತಲಿನ ಬೇವಿನ ಮರದ ಕೆಳಗೆ ಕೌದಿ ಹಾಸಿಕೊಂಡು ದಿನಾ ಬೆಳಿಗ್ಗೆ ಮಾಡುತ್ತಿದ್ದೆ. ಬೆನ್ನ ಮೇಲೆ ಮಲಗಿ ಮಂಡಿ ಮಡಚೋದು. ಉಸಿರು ಎಳೆಯುತ್ತಾ ಸೊಂಟದ ಕೆಳಗೆ ಒಂದು ಇರುವೆ ನುಸುಳುವಷ್ಟು ಸಂದು ಮಾಡೋದು, ಬಿಡುತ್ತಾ ಸೊಂಟವನ್ನು ಮೆಲ್ಲಗೆ ನೆಲಕ್ಕೆ ಇಳಿಸೋದು. ಅಷ್ಟೇ. ನೋಡಿದವರು ಮಲಗಿದ್ದಾಳೆ ಅನ್ನಬೇಕು, ಹಾಗೆ. ಮೊದಲ ವಾರ ಏನೂ ಗೊತ್ತಾಗಲಿಲ್ಲ. ಆಮೇಲೆ ಒಂದು ದಿನ ಬಲಗಡೆ ನೆಲಕ್ಕೆ ತಾಗುತ್ತಿದೆ, ಎಡಗಡೆ ತಾಗುತ್ತಿಲ್ಲ ಅಂತ ತಿಳಿಯಿತು. ಐವತ್ತೊಂದು ವರ್ಷ ಈ ಮೈಯಲ್ಲೇ ಇದ್ದೆ, ಅದು ಗೊತ್ತೇ ಇರಲಿಲ್ಲ. ಬೇವಿನ ಹೂ ಮೈ ಮೇಲೆ ಬೀಳುತ್ತಿತ್ತು ಒಂದೊಂದು ಸಲ. ಒಂದು ದಿನ ಅಳು ಬಂತು, ಯಾಕೆ ಅಂತ ಗೊತ್ತಿಲ್ಲ, ಅಳು ಅಂದರೆ ಅಳು. ನಿಮ್ಮ ದೊಡ್ಡಪ್ಪ ಓಡಿ ಬಂದು ‘ಕಾಲು ನೋವಾ?’ ಅಂದರು. ಹೌದು ಅಂದೆ.

ಆ ಮರ ಈಗಿಲ್ಲ. ಯಾರು ಕಡಿಸಿದರು ಅಂತ ಗ್ರೂಪಿನಲ್ಲಿ ಇರುವವರಿಗೇ ಗೊತ್ತು. ಕಾರು ನಿಲ್ಲಿಸೋಕೆ ಶೆಡ್ ಬೇಕಿತ್ತಂತೆ. ವರ್ಷಕ್ಕೆ ಎರಡು ಸಲ ಗಂಗಾವತಿಯಿಂದ ಬರುವ ಕಾರಿಗೆ ನಮ್ಮಪ್ಪ ನೆಟ್ಟ ಮರ! ನನ್ನನ್ನು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಈಗ ಮಾಳಿಗೆ ಮೇಲೆ ಚಾಪೆ ಹಾಸೋಣ ಅಂದರೆ ಕಾರ್ಖಾನೆ ಕರಿ ಧೂಳು, ಒಣಗಿಸಿದ ಬಿಳಿ ಬಟ್ಟೆ ಒಂದೇ ದಿನಕ್ಕೆ ಬೂದಿ. ನಾನು ಮಲಗಿದ್ದ ಒಂದೂವರೆ ತಿಂಗಳಲ್ಲಿ ಇದೇ ಗ್ರೂಪಿನಲ್ಲಿ ಎಲ್ಲರೂ ಕೈ ಮುಗಿಯುವ ಚಿತ್ರ ಹಾಕಿದಿರಿ, ಬೇಗ ಹುಷಾರಾಗಿ ಅಂತ. ಬಂದು ಒಂದು ರೊಟ್ಟಿ ಬಡಿದು ಕೊಟ್ಟವಳು ನಿಮ್ಮಮ್ಮ ಒಬ್ಬಳೇ. ಅಕ್ಕ, ನಿನಗೇ ಹೇಳುತ್ತಿರುವುದು, ಆಸನದಲ್ಲಿ ನನ್ನನ್ನು ಸೋಲಿಸಿದೆಯಲ್ಲ, ಸಿಂಧನೂರು ಕೊಪ್ಪಳಕ್ಕೆ ಅಷ್ಟು ದೂರವಾ? ಹೋಗಲಿ ಬಿಡು. ಹತ್ತು ವರ್ಷದ ಮೇಲಾಯಿತು. ನಾನೇನು ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ.

ಏನು ಹೇಳುತ್ತಿದ್ದೆ? ಹಾಂ, ಬೆನ್ನ ಮೇಲೆ ಕೈ. ಇನ್ನೊಂದು ಸಲ ಹೇಳುತ್ತೇನೆ, ಒತ್ತೋಕೆ ಬಂದರೆ ಎದ್ದು ಬಂದುಬಿಡು. ನಾಚಿಕೆ ಪಡಬೇಡ, ದುಡ್ಡು ಕಟ್ಟಿದ್ದೇನೆ ಅಂತ ಕೂರಬೇಡ.

ಅಯ್ಯೋ, ನೀನು ಕೇಳಿದ್ದು ಹೋಗಲೋ ಬೇಡವೋ ಅಂತ ಅಲ್ವಾ. ಅದನ್ನೇ ಹೇಳಿಲ್ಲ ನಾನು.

ಮೊದಲು ಆ ಎಡಗಾಲಿನ ಜುಮ್ ಅನ್ನೋದನ್ನು ಮೂಳೆ ಡಾಕ್ಟರಿಗೆ ತೋರಿಸು. ಇದೇ ವಾರ. ಅವರು ಸರಿ ಅಂದರೆ ಹೋಗು, ಬೇಡ ಅಂದರೆ ದುಡ್ಡು ಹೋಗಲಿ. ಪಾದ ಎತ್ತೋಕೆ ಆಗದಿದ್ದರೆ, ಕೂರುವ ಜಾಗದಲ್ಲಿ ಮರಗಟ್ಟಿದರೆ, ಮೂತ್ರ ಹಿಡಿತ ತಪ್ಪಿದರೆ ಅಥವಾ ಬಾರದೆ ನಿಂತರೆ ಶಿಬಿರವೂ ಬೇಡ, ವಾರ ಕಾಯೋದೂ ಬೇಡ, ಆ ರಾತ್ರಿಯೇ ಆಸ್ಪತ್ರೆ. ಶಿಬಿರದವರಿಗೆ ಈಗಲೇ ಫೋನ್ ಮಾಡಿ ಸೊಂಟದ ವಿಷಯ ಹೇಳು, ಮುಟ್ಟುವ ಮುಂಚೆ ಕೇಳುತ್ತೀರಾ ಅಂತ ಕೇಳು. ಆ ಪ್ರಶ್ನೆಗೆ ಸಿಟ್ಟಾದರೆ ಅಲ್ಲಿಗೆ ಮುಗಿಯಿತು. ಮೈ ನಡುಗಿದರೆ, ಅಳು ಬಂದರೆ ಹೆದರಬೇಡ, ಬರದಿದ್ದರೆ ಪಕ್ಕದವಳನ್ನು ನೋಡಿ ತರಿಸಿಕೊಳ್ಳಬೇಡ. ಬಿಪಿ ಇರುವ ಗೆಳತಿ ಜೊತೆಗೆ ಬರುತ್ತಾಳೆ ಅಂದೆಯಲ್ಲ, ಆಕೆ ಶೀರ್ಷಾಸನ, ಕಪಾಲಭಾತಿ ಎರಡೂ ಬಿಡಲಿ.

ಬಂಡೆ ಮೇಲೆ ಬರಿಗಾಲು ಅಂದರೆ ಬೆಳಿಗ್ಗೆ ಏಳರ ಒಳಗೆ. ಆಮೇಲೆ ನಮ್ಮ ಕಡೆಯ ಬಂಡೆ ಹಂಚು ಕಾದ ಹಾಗೆ ಕಾಯುತ್ತೆ. ಪ್ರಕೃತಿ ಜೊತೆ ಒಂದಾಗಿ ಅಂತ ತುಂಗಭದ್ರೆಗೆ ಇಳಿಸಿದರೆ ಇಳಿಯಬೇಡ, ಅಲ್ಲಿ ಸುಳಿಯೂ ಇದೆ ಮೊಸಳೆಯೂ ಇದೆ, ದಡದಲ್ಲಿ ಕೂತೇ ಒಂದಾಗು. ಅಂಜನಾದ್ರಿಗೆ 575 ಮೆಟ್ಟಿಲು, ಈ ಸಲ ಕೆಳಗಿನಿಂದಲೇ ಕೈ ಮುಗಿ, ಹನುಮಪ್ಪ ಏನೂ ಅಂದುಕೊಳ್ಳಲ್ಲ.

ಹಂಪಿ ಎಕ್ಸ್‌ಪ್ರೆಸ್‌ಗೆ ಬಾ. ಕೆಳಗಿನ ಬರ್ತ್ ತಗೋ, ಮೇಲೆ ಹತ್ತಬೇಡ. ಹೊಸಪೇಟೆಯಲ್ಲಿ ಇಳಿಯಬೇಡ, ಕೊಪ್ಪಳಕ್ಕೇ ಬಾ, ಒಂದು ದಿನ ಇಲ್ಲಿದ್ದು ಆಮೇಲೆ ಹೋಗುವೆಯಂತೆ. ಕೌದಿ ತೆಗೆದಿಡುತ್ತೇನೆ. ಶೆಡ್ಡಿನಲ್ಲೇ ಹಾಸೋಣ, ಕಾರಂತೂ ಇರಲ್ಲ.