ಪದಚರ್ಚೆ: ‘ಇಂಟರ್‌ಲೇಸ್’ಗೆ ಕನ್ನಡದಲ್ಲಿ ಏನೆನ್ನೋಣ?

ಪ್ರಶ್ನೆ

ಬಲ್ಲವರಿಗೆ ನಮಸ್ಕಾರ. ಎಚ್‌ಡಿ ಕ್ಯಾಮೆರಾದಲ್ಲಿ ಸೆರೆಹಿಡಿದ ವಿಡಿಯೊಗಳನ್ನು ಡಿವಿಡಿಗೆ ಇಳಿಸುವ ತಂತ್ರಾಂಶವೊಂದರ ಕೈಪಿಡಿಯನ್ನು ಅನುವಾದಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಒಪ್ಪಿಸಬೇಕು. ‘ಇಂಟರ್‌ಲೇಸ್’, ‘ಡಿಇಂಟರ್‌ಲೇಸ್’, ‘ಫೀಲ್ಡ್’ ಈ ಮೂರೂ ದಾರಿಗೆ ಅಡ್ಡ ನಿಂತಿವೆ. ಚಿತ್ರದ ಸಾಲುಗಳನ್ನು ಒಂದು ಬಿಟ್ಟು ಒಂದರಂತೆ ಎರಡು ಸಲಕ್ಕೆ ಹಿಡಿಯುವುದು ಇಂಟರ್‌ಲೇಸ್, ಹಾಗೆ ಹಿಡಿದ ಒಂದೊಂದು ಅರ್ಧ ಫೀಲ್ಡ್, ಅದನ್ನು ಪೂರ್ಣ ಚಿತ್ರ ಮಾಡುವುದು ಡಿಇಂಟರ್‌ಲೇಸ್. ವಾಕ್ಯ ಇದು: ‘ಅಳತೆ ಕುಗ್ಗಿಸುವ ಮೊದಲು ಡಿಇಂಟರ್‌ಲೇಸ್ ಮಾಡಿ, ಫೀಲ್ಡ್‌ಗಳ ಸರದಿ ತಪ್ಪದಂತೆ ನೋಡಿಕೊಳ್ಳಿ.’ ಸದ್ಯಕ್ಕೆ ‘ಅಂತರ್ಗ್ರಥಿತ’, ‘ಕ್ಷೇತ್ರ’ ಎಂದು ಬರೆದಿಟ್ಟಿದ್ದೇನೆ. ಓದುವವರಿಗೆ ಇವು ತಲುಪಲಾರವು. ಗುಂಡಿಯ ಮೇಲೂ ಇದೇ ಪದ ಬರಬೇಕಾದ್ದರಿಂದ ಚಿಕ್ಕದಾಗಿದ್ದರೆ ಉಪಕಾರ.

ಉತ್ತರ 1

‘ಹೆಣೆದ’ ಎನ್ನಿ, ಮುಗಿಯಿತು. ಜಡೆ ಹೆಣೆ, ಚಾಪೆ ಹೆಣೆ, ಕಥೆ ಹೆಣೆ. ಅಚ್ಚಗನ್ನಡದ ಧಾತು ಕೈಯಲ್ಲಿರುವಾಗ ‘ಅಂತರ್ಗ್ರಥಿತ’ದ ಗೊಡವೆ ಏಕೆ? ಡಿಇಂಟರ್‌ಲೇಸ್‌ಗೆ ‘ಹೆಣಿಗೆ ಬಿಚ್ಚು’. ‘ಕ್ಷೇತ್ರ’ವಂತೂ ಬೇಡವೇ ಬೇಡ, ಓದುಗನಿಗೆ ಹೊಲವೋ ಚುನಾವಣೆಯೋ ನೆನಪಾಗುತ್ತದೆ.

ಉತ್ತರ 2

‘ಹೆಣೆ’ ಸಲ್ಲದು. ಹೆಣೆಯುವಾಗ ಒಂದು ಎಳೆ ಇನ್ನೊಂದರ ಮೇಲೆ ಹಾದು ಮತ್ತೊಂದರ ಕೆಳಗೆ ನುಸುಳುತ್ತದೆ. ಇಲ್ಲಿ ಯಾವ ಸಾಲೂ ಇನ್ನೊಂದನ್ನು ದಾಟುವುದಿಲ್ಲ. ಇಂಗ್ಲಿಷಿನವರು ‘ಲೇಸ್’ ಎಂದರೆಂದು ನಾವೂ ನೂಲು ಹಿಡಿದು ಕೂರಬೇಕಿಲ್ಲ. ಆ ‘ಲೇಸ್’ನ ಮೂಲ ಲ್ಯಾಟಿನ್ನಿನ ‘ಲಾಕ್ವಿಯಸ್’. ಅರ್ಥ ಕುಣಿಕೆ, ಉರುಳು. ಜರ್ಮನರು ಇದನ್ನು ‘ತ್ಸೈಲೆನ್‌ಷ್ಪ್ರುಂಗ್’ ಎಂದರು, ಅಂದರೆ ಸಾಲುಜಿಗಿತ. ಫೀಲ್ಡ್ ಅವರಿಗೆ ‘ಹಾಲ್ಬ್‌ಬಿಲ್ಡ್’, ಅರ್ಧ ಚಿತ್ರ. ನಡೆಯುವುದನ್ನು ನೋಡಿ ಇಟ್ಟ ಹೆಸರುಗಳು ಅವು.

ನಡೆಯುವುದೇನು? 1080 ಸಾಲುಗಳ ಚಿತ್ರವನ್ನು ಈ ಬಗೆಯ ಕ್ಯಾಮೆರಾ ಒಂದೇ ಸಲಕ್ಕೆ ಹಿಡಿಯುವುದಿಲ್ಲ. ಮೊದಲು 540 ಬೆಸ ಸಾಲುಗಳು. ಸೆಕೆಂಡಿನ 50ರಲ್ಲೊಂದು ಭಾಗ ಕಳೆದ ಮೇಲೆ 540 ಸಮ ಸಾಲುಗಳು. ಅಷ್ಟರಲ್ಲಿ ಬೀಸಿದ ಕೈ ಮುಂದಕ್ಕೆ ಸರಿದಿರುತ್ತದೆ. ಎರಡನ್ನೂ ಕೂಡಿಸಿ, ಚಿತ್ರವನ್ನು ನಿಲ್ಲಿಸಿ ನೋಡಿ: ಬೆರಳಿನ ಅಂಚಿನುದ್ದಕ್ಕೂ ಬಾಚಣಿಗೆಯ ಹಲ್ಲುಗಳು. ಇದನ್ನು ಹಾಗೆಯೇ ಡಿವಿಡಿಯ 576 ಸಾಲುಗಳಿಗೆ ಕುಗ್ಗಿಸಿದರೆ ಎರಡು ಕ್ಷಣಗಳೂ ಒಂದರೊಳಗೊಂದು ಕಲಸಿಹೋಗುತ್ತವೆ. ಆಮೇಲೆ ಅವನ್ನು ಸರಿಯಾಗಿ ಬೇರ್ಪಡಿಸಲಾಗದು. ಆದ್ದರಿಂದ ಮೊದಲು ಪ್ರತಿ ಅರ್ಧದಲ್ಲೂ ಖಾಲಿ ಉಳಿದ ಸಾಲುಗಳನ್ನು ಅಕ್ಕಪಕ್ಕದವನ್ನು ನೋಡಿ ತುಂಬುತ್ತಾರೆ. ಸೆಕೆಂಡಿಗೆ 50 ಪೂರ್ಣ ಚಿತ್ರಗಳಾಗುತ್ತವೆ. ಅವನ್ನು ಕುಗ್ಗಿಸಿ, ಮತ್ತೆ ಸಾಲು ಬಿಟ್ಟು ಸಾಲು ಆರಿಸಿ ಡಿವಿಡಿಗೆ ಇಳಿಸುತ್ತಾರೆ.

ಅಂದಮೇಲೆ ಡಿಇಂಟರ್‌ಲೇಸ್ ತುಂಬುವ ಕೆಲಸ, ಬಿಚ್ಚುವ ಕೆಲಸವಲ್ಲ. ‘ಹೆಣಿಗೆ ಬಿಚ್ಚು’ ಎಂದರೆ ಎರಡು ಅರ್ಧಗಳನ್ನು ಬೇರೆ ಮಾಡಿದರೆ ಸಾಕೆಂದು ಓದುಗ ತಿಳಿಯುತ್ತಾನೆ. ನನ್ನ ಸಲಹೆ: ‘ಸಾಲುಬಿಟ್ಟ ವಿಡಿಯೊ’, ‘ಸಾಲು ತುಂಬು’, ‘ಅರೆಚಿತ್ರ’. ‘ಸರದಿ’ ನಿಮ್ಮದೇ ಇರಲಿ, ಒಳ್ಳೆಯ ಪದ. 1080 ಸಾಲಿನ ಈ ವಿಡಿಯೊದಲ್ಲಿ ಮೇಲಿನ, ಅಂದರೆ ಬೆಸ ಸಾಲುಗಳ ಅರೆಚಿತ್ರ ಮೊದಲು ಬರುತ್ತದೆ. ಅದನ್ನು ತಿರುವುಮುರುವು ಮಾಡಿದರೆ ನಡೆಯುವ ಮನುಷ್ಯ ಹೆಜ್ಜೆಹೆಜ್ಜೆಗೂ ಹಿಂದಕ್ಕೆ ಜಗ್ಗಿದಂತೆ ಕಾಣುತ್ತಾನೆ.

ಉತ್ತರ 3

‘ಅರೆಚಿತ್ರ’ ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಬೆಸೆದದ್ದು. ವ್ಯಾಕರಣಕಾರ ಕೇಶಿರಾಜ 13ನೆಯ ಶತಮಾನದಲ್ಲೇ ಬೇಡವೆಂದಿದ್ದಾನೆ. ‘ಅರ್ಧಚಿತ್ರ’ ಎನ್ನಿ. ಇಲ್ಲವೇ ಮೂರನ್ನೂ ಇಂಗ್ಲಿಷಿನಲ್ಲೇ ಉಳಿಸಿ. ‘ವಿಡಿಯೊ’ವನ್ನೂ ‘ಡಿವಿಡಿ’ಯನ್ನೂ ಒಳಗೆ ಕರೆದುಕೊಂಡು ‘ಇಂಟರ್‌ಲೇಸ್’ ಒಂದನ್ನೇ ಹೊಸ್ತಿಲಲ್ಲಿ ನಿಲ್ಲಿಸುವುದು ಯಾವ ನ್ಯಾಯ? ಈ ಕೆಲಸ ಮಾಡುವವರ ಬಾಯಲ್ಲಿರುವುದು ಅದೇ ಪದ.

ಉತ್ತರ 2ರವರಿಂದ

‘ಅರೆಸೇನಾ ಪಡೆ’ಯನ್ನು ಪತ್ರಿಕೆಗಳು ದಿನವೂ ಅಚ್ಚುಹಾಕುತ್ತಿವೆ, ಯಾರ ಕಿವಿಗೂ ಅದು ಚುಚ್ಚಿಲ್ಲ. ಹಿಂದಿನ ಕವಿಗಳು ಬಳಸಿದ ಅರಿಸಮಾಸಗಳನ್ನು ಕೇಶಿರಾಜನೂ ಒಪ್ಪಿಕೊಂಡಿದ್ದಾನೆ. ಸೂತ್ರದ ಅರ್ಧವನ್ನಷ್ಟೇ ಎತ್ತಿ ತೋರಿಸಬೇಡಿ.

ಎರವಲಿಗೆ ನನ್ನ ವಿರೋಧವಿಲ್ಲ. ‘ಡಿವಿಡಿ’ ಒಂದು ವಸ್ತು. ಎದುರಿಗೆ ಕಾಣುತ್ತದೆ, ಹೆಸರು ಯಾವ ಭಾಷೆಯದಾದರೂ ನಡೆಯುತ್ತದೆ. ‘ಡಿಇಂಟರ್‌ಲೇಸ್’ ಮಾಡಬೇಕಾದ ಕೆಲಸ. ಅದೇನೆಂದು ಪದವೇ ಹೇಳದಿದ್ದರೆ ಒತ್ತಬೇಕಾದ ಬೆರಳು ಗುಂಡಿಯ ಮೇಲೆ ತಡೆದು ನಿಲ್ಲುತ್ತದೆ. ಬಳಸುವವರ ಬಾಯಲ್ಲಿದೆ ಎನ್ನುತ್ತೀರಿ. ಕೈಪಿಡಿ ಇರುವುದು ಇನ್ನೂ ಬಳಸದವರಿಗೆ.

ಉತ್ತರ 1ರವರಿಂದ

‘ತುಂಬು’ ಒಪ್ಪಿದೆ. ‘ಹೆಣೆ’ಯನ್ನು ಬಿಟ್ಟದ್ದು ಈಗಲೂ ತಪ್ಪೆನ್ನುತ್ತೇನೆ.

ಪ್ರಶ್ನೆ ಕೇಳಿದವರಿಂದ

‘ಸಾಲು ತುಂಬು’ ಗುಂಡಿಯಲ್ಲಿ ಸಲೀಸಾಗಿ ಕೂತಿತು. ವಾಕ್ಯ ಹೀಗಾಯಿತು: ‘ಅಳತೆ ಕುಗ್ಗಿಸುವ ಮೊದಲು ಸಾಲು ತುಂಬಿ, ಅರೆಚಿತ್ರಗಳ ಸರದಿ ತಪ್ಪದಂತೆ ನೋಡಿಕೊಳ್ಳಿ.’ ಡಿವಿಡಿಗೆ ಇಳಿಸುವ ಹಂತದ ಗುಂಡಿಗೆ ‘ಸಾಲು ಬಿಡು’ ಎಂದಿದ್ದೇನೆ. ಇನ್ನೊಂದು ಉಳಿದಿದೆ: ಎಲ್ಲ ಸಾಲುಗಳೂ ಒಟ್ಟಿಗೇ ಇರುವ ‘ಪ್ರೋಗ್ರೆಸಿವ್’ ವಿಡಿಯೊಗೆ ಏನೆನ್ನಲಿ? ‘ಪ್ರಗತಿಶೀಲ’ ಎಂದು ನಿಘಂಟು ಕೊಡುತ್ತಿದೆ.

ಉತ್ತರ 2ರವರಿಂದ

‘ತುಂಬುಸಾಲು’. ತುಂಬುಗೆನ್ನೆ, ತುಂಬುಹೊಳೆ ಇದ್ದ ಹಾಗೆ.