ರಾತ್ರಿ ಥರ್ಮಲ್ ಹಿಡಿದು ಹಂದಿ ನೋಡೂದು: ಕಾವಲು ಎಲ್ಲಿ ಮುಗಿತೈತಿ, ಬ್ಯಾಟಿ ಎಲ್ಲಿ ಚಾಲೂ ಆಗ್ತೈತಿ?

ಕಬ್ಬಿನಸೀಮಿ (ಮುಧೋಳ ತಾಲೂಕು)

ಘಟಪ್ರಭಾ ದಂಡಿ ಹಿಡಿದು ಕಬ್ಬು, ಗೋವಿನಜೋಳ ಇದ್ದಲ್ಲೆಲ್ಲ ಕಾಡಹಂದಿ ಕಾಟ. ಊರಾಗ ನಾಕೈದು ಮಂದಿ ರೊಕ್ಕ ಕೂಡಿಸಿ ಒಂದು ಥರ್ಮಲ್ ಮೊನಾಕ್ಯುಲರ್ (ಕತ್ತಲಾಗ ಮೈಕಾವು ತೋರಸೂ, ಒಂದ ಕಣ್ಣಿಗೆ ಹಿಡಿಯೂ ದುರ್ಬೀನು) ತರಸೂ ವಿಚಾರ ನಡಸ್ಯಾರ. ಅಲ್ಲಿತನಾ ಯಾರದೂ ತಕರಾರಿಲ್ಲ. ಇಬ್ಬರು ಮಾತ್ರ "ಕೈಯಾಗ ಹಿಡಿಯೂದು ಯಾಕ, ಬಂದೂಕಿನ ಮ್ಯಾಲೆ ಕೂಡ್ರಸೂ ಸ್ಕೋಪೇ ತರೂಣು, ಹಂದೀನೂ ಹೋಗ್ತಾವ, ಐತವಾರ ಶಿಕಾರಿನೂ ಆಗ್ತೈತಿ" ಅಂತ ಹಟ ಹಿಡದಾರ. ಅಮೆರಿಕಾದ ವಿಡಿಯೋ ತೋರಸ್ತಾರ. ಬೆಳ್ಳಗ ಹೊಳಿಯೂ ಹಂದಿ, ಒಂದೇ ಏಟು, ಮುಗೀತು.

384×288 ಸೆನ್ಸರ್, 19 ಮಿ.ಮೀ. ಲೆನ್ಸ್ ಇದ್ದದ್ದನ್ನ ನೋಡಿ ಇಟ್ಟಾರ. ಡಬ್ಬಿ ಮ್ಯಾಲೆ ಮನಷ್ಯಾ ಸುಮಾರು ಒಂದು ಕಿಲೋಮೀಟರ್ ದೂರದಿಂದ ಕಾಣ್ತಾನ ಅಂತ ಬರದೈತಿ. ಅದನ್ನ ನಂಬಿ ಯಾವ ಪ್ರಾಣಿ ಅಂತ ಖಾತ್ರಿ ಮಾಡ್ಕೋಬಹುದೇನು? ಕಾಯ್ದೆ ಏನ್ ಹೇಳ್ತೈತಿ? ಮತ್ತ ಕಾಯ್ದೆ ಬಿಟ್ಟು ಕೇಳ್ತೀನಿ, ಕತ್ತಲಾಗ ಹಿಂಗ ನೋಡಿ ಹೊಡಿಯೂದು ನ್ಯಾಯಾನಾ?

---

ಯರಿಹೊಲ

ಡಬ್ಬಿ ಮ್ಯಾಲಿನ ಲೆಕ್ಕಾನ ಮೊದಲು ಬಿಡಸೂಣು. ಥರ್ಮಲ್ ಪ್ರಾಣಿ ತೋರಸೂದಿಲ್ಲ, ಕಾವು ತೋರಸ್ತೈತಿ. 8ರಿಂದ 14 ಮೈಕ್ರಾನ್ ಅಲೆಯ ಶಾಖಾನ ಜರ್ಮೇನಿಯಂ ಲೆನ್ಸ್ ಒಳಗ ಬಿಡ್ತೈತಿ, ಸೆನ್ಸರಿನ ಪ್ರತಿ ಪಿಕ್ಸೆಲ್ ಅದನ್ನ ಅಳೀತೈತಿ. ಈಗಿನ ಸೆನ್ಸರಿನ್ಯಾಗ ಪಿಕ್ಸೆಲ್ ಅಳತಿ ಸಾಧಾರಣ 12 ಮೈಕ್ರಾನ್. ಅದನ್ನ 19 ಮಿ.ಮೀ. ಲೆನ್ಸಿಗೆ ಭಾಗಿಸಿದ್ರ 0.63 ಮಿಲಿರೇಡಿಯನ್ (ಬಹಳ ಸಣ್ಣ ಕೋನದ ಅಳತಿ). ಅಂದ್ರ 100 ಮೀಟರ್ ದೂರದಾಗ ಒಂದು ಪಿಕ್ಸೆಲ್ ಅಂದ್ರ 6.3 ಸೆಂ.ಮೀ. ಜಾಗ, 150 ಮೀಟರಿನ್ಯಾಗ 9.5 ಸೆಂ.ಮೀ.

ಈಗ ಕಬ್ಬಿನ ಬದುವಿನ ಮ್ಯಾಲೆ 150 ಮೀಟರ್ ಆಚೆ ಏನ್ ನಿಂತೈತಿ ನೋಡ್ರಿ. 60 ಸೆಂ.ಮೀ. ಎತ್ತರದ ಹಂದಿ 6 ಪಿಕ್ಸೆಲ್. ಮೋಟರ್ ಚಾಲೂ ಮಾಡಾಕ ಬಂದು ಕುಂತ ಮನಷ್ಯಾ 8 ಪಿಕ್ಸೆಲ್. ಯಾವ ಜಾತಿ ಅಂತ ಅಂದಾಜು ಮಾಡಾಕ 6ರಿಂದ 8 ಪಿಕ್ಸೆಲ್, ಖಾತ್ರಿ ಮಾಡಾಕ 12ರ ಮ್ಯಾಲೆ ಬೇಕು ಅನ್ನೂದು ಈ ಕ್ಷೇತ್ರದ ಹಳೇ ಲೆಕ್ಕ. ಡಬ್ಬಿ ಹೇಳೂ ಒಂದು ಕಿಲೋಮೀಟರ್ ಅಂದ್ರ ಪೂರಾ ನಿಂತ ಮನಷ್ಯಾ ಎರಡೂವರಿ ಮೂರು ಪಿಕ್ಸೆಲ್ ಆಗಿ ಕಾಣೂ ದೂರ. "ಅಲ್ಲೇನೋ ಬೆಚ್ಚಗ ಐತಿ" ಅನ್ನೂದಷ್ಟ ಅದರ ಅರ್ಥ. ಬರೆದದ್ದು ಸುಳ್ಳಲ್ಲ, ಓದವರು ತಪ್ಪು ಓದ್ತಾರ.

ಕುಂತವ ಕಂಬಳಿ ಹೊತ್ತಿದ್ರಂತೂ ಇನ್ನೂ ಕಷ್ಟ. ಉಣ್ಣಿ ಕಂಬಳಿ ಮೈಕಾವು ಹೊರಗ ಬಿಡೂದಿಲ್ಲ, ಅದರ ಮ್ಯಾಲ್ಮೈ ಹೆಚ್ಚೂಕಡಿಮಿ ಗಾಳಿಯಷ್ಟ ತಣ್ಣಗಿರ್ತೈತಿ. ಉಳಿಯೂದು ಮಾರಿ ಒಂದ, 15-20 ಸೆಂ.ಮೀ. ಆ ದೂರದಿಂದ ಎರಡು ಪಿಕ್ಸೆಲ್. ಮೊಲಾನೂ ಹಂಗ ಕಾಣ್ತೈತಿ, ಮಲಗಿದ ಕುರುಬನೂ ಹಂಗ ಕಾಣ್ತಾನ. ತ್ರೀ ಫೇಸ್ ರಾತ್ರಿ ಪಾಳಿಗೆ ಬರೂ ನಾಡಿನ್ಯಾಗ, ಚಳಿಗಾಲದಾಗ ಕುರಿ ತರಬಿದ ಹೊಲದಾಗ, ಮಹಾರಾಷ್ಟ್ರದ ಬೀಡ್ ಕಡೀಂದ ಬಂದ ಕಬ್ಬು ಕಡಿಯೂ ಗ್ಯಾಂಗ್ ಜೋಪಡಿ ಹಾಕಿದ ಸೀಮಿಯಾಗ ಇದನ್ನ ನೆನಪಿನ್ಯಾಗ ಇಟ್ಟು ಮುಂದಿನ ಮಾತು ಆಡಬೇಕು.

ಇನ್ನ ಕೆಲವು ದೋಷ ಅಂಗಡಿಯವರು ಹೇಳೂದಿಲ್ಲ. ಎಲಿ ಹಿಂದ ಏನೂ ಕಾಣೂದಿಲ್ಲ, ಬೆಳೆದ ಕಬ್ಬಿನ ಒಳಗ ಹಂದಿ ಹೊಕ್ಕಿತಂದ್ರ ಯಂತ್ರ ಕುರುಡು. ಹೊತ್ತು ಮುಳಗಿದ ಮ್ಯಾಲೆ ಒಂದಿಷ್ಟು ಹೊತ್ತು, ಮುಂಜಾನೆ ಇನ್ನೊಂದಿಷ್ಟು ಹೊತ್ತು ನೆಲ-ಕಲ್ಲು-ಪ್ರಾಣಿ ಎಲ್ಲಾದರ ಕಾವು ಹತ್ತಿರ ಹತ್ತಿರ ಬಂದು ಚಿತ್ರ ಬೂದಿ ಆಗ್ತೈತಿ. ವಿಜಯಪುರದ ಏಪ್ರಿಲ್-ಮೇ ರಾತ್ರಿಗೆ ಬಂಡಿಗಲ್ಲು ನಡುರಾತ್ರಿತನಾ ಹೊಳಿತಿರ್ತಾವ. ತಿಪ್ಪಿ ಯಾವಾಗ್ಲೂ ಹೊಳಿತೈತಿ, ಒಳಗ ಗೊಬ್ಬರ ಬೇಯತಿರ್ತೈತಿ. ಗಾಜಿನ ಆಚೆ ಕಾಣೂದಿಲ್ಲ, ಜೀಪಿನ ಕಿಟಕಿ ಇಳಿಸಬೇಕು. ಆಗಾಗ ಒಳಗಿನ ಶಟರ್ 'ಟಕ್' ಅಂತ ಮುಚ್ಚಿ ಚಿತ್ರ ಅರ್ಧ ಸೆಕೆಂಡ್ ನಿಲ್ತೈತಿ. ಎಲ್ಲಾಕ್ಕಿಂತ ದೊಡ್ಡದು, ಇದರಾಗ ಆಳ ಇಲ್ಲ. 80 ಮೀಟರಿನ ನಾಯಿ, 160 ಮೀಟರಿನ ಆಕಳಕರು ಒಂದ ಅಳತಿ ಕಾಣ್ತಾವ.

---

ಕಾಯ್ದೆಕಟ್ಟಿ

ಕಾನೂನಿನ ಭಾಗ ಮಾತ್ರ ಹೇಳುತ್ತೇನೆ. ಥರ್ಮಲ್ ಮೊನಾಕ್ಯುಲರ್‌ನಿಂದ ಸ್ವಂತ ಹೊಲ ನೋಡಿಕೊಳ್ಳುವುದು ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆಯಲ್ಲ. ಬೇಟೆ ಎಲ್ಲಿಂದ ಶುರು ಎಂಬ ಪ್ರಶ್ನೆಗೆ 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯ 2(16)ನೇ ಕಲಂನಲ್ಲೇ ಉತ್ತರವಿದೆ: ಕೊಲ್ಲುವುದಷ್ಟೇ ಅಲ್ಲ, ಬಲೆಗೆ ಬೀಳಿಸುವುದು, ಅದಕ್ಕಾಗಿ ಅಟ್ಟಿಸುವುದು, ಆಮಿಷ ಇಡುವುದು, ಇದಕ್ಕೆಲ್ಲ ಪ್ರಯತ್ನಿಸುವುದೂ ಬೇಟೆಯೇ. 9ನೇ ಕಲಂ ಅದನ್ನು ನಿಷೇಧಿಸುತ್ತದೆ. ಐತವಾರದ ಶಿಕಾರಿಗೆ ಲೈಸೆನ್ಸ್ ಕೊಡುವ ವ್ಯವಸ್ಥೆ 1991ರ ತಿದ್ದುಪಡಿಯಲ್ಲೇ ಹೋಯಿತು. ಆದ್ದರಿಂದ ನಮ್ಮಲ್ಲಿ 'ಹವ್ಯಾಸಿ ಬೇಟೆಗೆ ಥರ್ಮಲ್ ಸರಿಯೇ' ಎಂಬುದು ಕೇಳಲು ಚೆಂದ, ಆದರೆ ಹವ್ಯಾಸಿ ಬೇಟೆಯೇ ಇಲ್ಲ.

2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಕಾಡುಹಂದಿ ಈಗ ಎರಡನೇ ಅನುಸೂಚಿಯಲ್ಲಿದೆ (ಅನುಸೂಚಿ ಎಂದರೆ ಕಾಯ್ದೆಯ ರಕ್ಷಿತ ಪ್ರಾಣಿಗಳ ಪಟ್ಟಿ). ಸಾಮಾನ್ಯ ಉಲ್ಲಂಘನೆಗೆ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಬಿದ್ದದ್ದು ಮೊದಲ ಅನುಸೂಚಿಯ ಪ್ರಾಣಿಯಾದರೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು, ದಂಡ 25,000ಕ್ಕೆ ಕಡಿಮೆಯಿಲ್ಲ. ಚಿಂಕಾರ, ತೋಳ, ಕೃಷ್ಣಮೃಗ ಎಲ್ಲ ಅದರಲ್ಲೇ. ಬೀಳಗಿ-ಮುಧೋಳ ನಡುವಿನ ಯಡಹಳ್ಳಿ ಚಿಂಕಾರ ಧಾಮ ನಿಮಗೆ ದೂರವೇನಲ್ಲ. ಪ್ರಾಣಿಗಳು ಧಾಮದ ಗಡಿ ನೋಡಿ ಮೇಯುವುದಿಲ್ಲ.

ಬೆಳೆ ಹಾನಿಗೆ ದಾರಿ ಇದೆ: 11(1)(ಬಿ) ಕಲಂ ಅಡಿ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಕಾರಣ ನಮೂದಿಸಿ ಲಿಖಿತ ಆದೇಶ ಮಾಡಬೇಕು. ಅರ್ಜಿ ವಲಯ ಅರಣ್ಯಾಧಿಕಾರಿ ಕಚೇರಿಯಿಂದ ಶುರುವಾಗಲಿ. ಪಹಣಿ, ಹಾನಿಯ ಫೋಟೊ, ಹೆಜ್ಜೆಗುರುತಿನ ಫೋಟೊ ಜೊತೆಗಿರಲಿ. ಬಾಯಿಮಾತಿನ ಒಪ್ಪಿಗೆಗೆ ಬೆಲೆಯಿಲ್ಲ. ಪ್ರಾಣ ರಕ್ಷಣೆಗಾಗಿ ಕೊಂದರೆ ಅಪರಾಧವಲ್ಲ ಎಂಬ 11(2) ಮನುಷ್ಯರ ಪ್ರಾಣಕ್ಕೆ, ಗೋವಿನಜೋಳಕ್ಕಲ್ಲ.

39ನೇ ಕಲಂ ಪ್ರಕಾರ ಅಪರಾಧಕ್ಕೆ ಬಳಸಿ ಜಪ್ತಾದ ಆಯುಧ, ವಾಹನ, ಸಲಕರಣೆ ಸರ್ಕಾರದ ಸ್ವತ್ತು. ಈ ಸ್ಕೋಪ್‌ಗಳಲ್ಲಿ ಹಲವು ತಾರೀಖು-ವೇಳೆ ಸಹಿತ ವಿಡಿಯೋವನ್ನು ತಮ್ಮಲ್ಲೇ ಉಳಿಸಿಕೊಳ್ಳುತ್ತವೆ. ಸಾಕ್ಷಿಯನ್ನು ತಾವೇ ಚಿತ್ರೀಕರಿಸಿ ಜೇಬಿನಲ್ಲಿಟ್ಟುಕೊಳ್ಳುವ ಅಪರಾಧ ಇದೊಂದೇ ಇರಬೇಕು.

---

ಸಂಗಮ_ಕೂಡಲ

ನ್ಯಾಯದ ಪ್ರಶ್ನೆಯನ್ನ ಕಾಯ್ದೆಕಟ್ಟಿಯವರು ಒಂದು ಸಾಲಿನ್ಯಾಗ ಮುಗಿಸಿಬಿಟ್ರು. ಬ್ಯಾಟಿ ಕಾಯ್ದೇಶೀರ ಇದ್ದ ದೇಶದಾಗೂ ಇದರ ವಾದ ಮುಗಿದಿಲ್ಲ. ಟೆಕ್ಸಾಸಿನ್ಯಾಗ ಊರಹಂದಿ ಕಾಡು ಸೇರಿ ಬೆಳೆದು ರೋಗಧಂಗ ಹಬ್ಬ್ಯಾವ, ಅವಕ್ಕ ರಾತ್ರಿ ಥರ್ಮಲ್ ನಡೀತೈತಿ, ಜಮೀನಿನ ಮಾಲಕನ ಒಪ್ಪಿಗಿ ಇದ್ರ ಸಾಕು. ವಿಡಿಯೋ ಎಲ್ಲಾ ಅಲ್ಲೀವು. ಅವು ಅಲ್ಲಿಯ ಮೂಲ ಪ್ರಾಣಿ ಅಲ್ಲ. ನಮ್ಮ ಹಂದಿ ಇಲ್ಲಿಯದ. ಜರ್ಮನಿಯಾಗ ಹಂದಿಜ್ವರದ ಭಯಕ್ಕ 2020ರಾಗ ಬೇಟೆಗಾರರಿಗೆ ರಾತ್ರಿ ಸಾಧನ ಇಟ್ಕೊಳ್ಳಾಕ ದಾರಿ ಬಿಟ್ರು, ಬಳಕಿ ಮಾತ್ರ ಒಂದೊಂದು ರಾಜ್ಯದ ಕಾಯ್ದೆಗೆ ಬಿಟ್ಟದ್ದು. ಇಂಗ್ಲೆಂಡಿನ 1991ರ ಕಾಯ್ದೆ ಪ್ರಕಾರ ರಾತ್ರಿ ಜಿಂಕೆ ಹೊಡಿಯೂದ ತಪ್ಪು, ಲೈಸೆನ್ಸ್ ಬೇಕು. ಅಮೆರಿಕಾದ ಬೂನ್ ಆ್ಯಂಡ್ ಕ್ರಾಕೆಟ್ ಕ್ಲಬ್, 1887ರಾಗ ಶುರುವಾದದ್ದು, ಬೇಟೆಗಾರರದ ಸಂಘ. ಬೇಟೆಗಾರನಿಗೆ ಅನ್ಯಾಯದ ಮೇಲುಗೈ ಸಿಗಬಾರದು ಅನ್ನೂದು ಅವರ ನಿಯಮ. ಅಂದ್ರ ಹೊಡಿಯವರ ಮಂದೀನ ಗೆರಿ ಎಳದಾರ.

ಆ ಮೇಲುಗೈ ಏನು ಅನ್ನೂದು ತಿಳಿಯಾಕ ಮುಧೋಳ ನಾಯಿ ನೋಡ್ರಿ. ಅದು ಕಣ್ಣಿಂದ ಹಿಡಿಯೂ ನಾಯಿ, ಮೂಗಿಂದಲ್ಲ. ಜೋಳ ಕೊಯ್ದ ಕೂಳಿಯಾಗ ಮೊಲ ಕಿವಿ ಮಡಚಿ, ಮೈ ನೆಲಕ್ಕ ಒತ್ತಿ ಕುಂತಿದ್ರ, ನಾಯಿ ಹತ್ತು ಹೆಜ್ಜಿ ಆಚೆ ಹಾದ್ರೂ ಬಹಳ ಸಲ ಕಾಣೂದಿಲ್ಲ. ಮೊಲ ಎದ್ದು ಓಡಿದಾಗ ಅಷ್ಟ ಓಟ ಶುರು. ಅಂದ್ರ ಮೊಲದ ಮೊದಲನೇ ರಕ್ಷಣಿ ಓಟ ಅಲ್ಲ, ಅಲ್ಲಾಡದ ಕೂಡೂದು. ಆ ವಿದ್ಯೆ ನಾಯಿ ಮುಂದ, ಹದ್ದಿನ ಮುಂದ, ಟಾರ್ಚ್ ಹಿಡಿದ ಮನಷ್ಯಾನ ಮುಂದ ಕೆಲಸ ಮಾಡ್ತೈತಿ. ಥರ್ಮಲ್ ಮುಂದ ಮಾಡೂದಿಲ್ಲ. ಕುಂತ ಮೊಲ ತಣ್ಣನ ನೆಲದ ಮ್ಯಾಲೆ ಕೆಂಡಧಂಗ ಕಾಣ್ತೈತಿ, ಅಲ್ಲಾಡದ ಕುಂತಷ್ಟೂ ಹೊಡಿಯವನಿಗೆ ಸಸಾರ. ತನ್ನನ್ನ ಉಳಸಬೇಕಾದ ಗುಣಾನ ಅದನ್ನ ಕೊಲ್ತೈತಿ. ಬಂದೂಕು ಬಂದಾಗ ದೂರ ಹೋಗಿತ್ತು, ಜೀಪು ಬಂದಾಗ ಓಟ ಹೋಗಿತ್ತು. ಉಳಿದಿದ್ದು ಕತ್ತಲ ಒಂದ. (ನಾಯಿ ಬಿಟ್ಟು ಮೊಲ ಹಿಡಿಸೂದೂ ಅಪರಾಧನ, ಉದಾಹರಣಿ ಕೊಟ್ಟೆ ಅಂತ ಹೊಂಟೀರಿ ಮತ್ತ.)

ಇನ್ನ "ಹಲಗಲಿ ಬೇಡರ ನೆಲ, ಬ್ಯಾಟಿ ನಮ್ಮ ರಕ್ತದಾಗ ಐತಿ" ಅನ್ನೂ ಮಾತು ಹೆಂಗೂ ಬರ್ತೈತಿ. 1857ರಾಗ ಅವರು ಹತ್ಯಾರ ಕಸಿಯೂ ಕಾಯ್ದೆ ವಿರುದ್ಧ ಎದ್ದವರು. ಐತವಾರದ ಶಿಕಾರಿಗೆ ಅವರ ಹೆಸರು ಎಳೀಬ್ಯಾಡ್ರಿ.

---

ದೂಪದಾಳ_ಕೆರಿ

ಒಂದು ವಿರೋಧ. ಸರ್ಕಾರಿ ಆದೇಶದ ಮ್ಯಾಲೆ ಹಂದಿ ಹೊಡಿಯೂದು ಖರೇನ ನಡೆದ್ರ, ಟಾರ್ಚಿಗಿಂತ ಥರ್ಮಲ್ ಕಡಿಮಿ ಕ್ರೂರ ಅಲ್ಲೇನು? ಹಿಂಡಿನ್ಯಾಗ ಎಷ್ಟು ಮರಿ ಅದಾವ ಎಣಿಸಬಹುದು, ಬೆದರದ ನಿಂತದ್ದನ್ನ ಆರಿಸಬಹುದು, ಗಾಯ ಆಗಿ ಓಡೂದು ಕಡಿಮಿ. ತಂತ್ರಜ್ಞಾನನ ಪಾಪ ಅನ್ನೂದು ನನಗ ಒಪ್ಪಿಗಿ ಇಲ್ಲ. 2024ರಾಗ ಉತ್ತರ ಪ್ರದೇಶದ ಬಹರಾಯಿಚಿನ್ಯಾಗ ತೋಳ ಹುಡಕಾಕ ಅರಣ್ಯ ಇಲಾಖೆ ಥರ್ಮಲ್ ಡ್ರೋನ್ ಹಾರಿಸಿತು.

---

ಯರಿಹೊಲ

ಎಣಿಸೂದು ಖರೆ, ಬಯಲಿನ್ಯಾಗ, 60-70 ಮೀಟರ್ ಒಳಗ. ಬಹರಾಯಿಚಿನ್ಯಾಗ ಡ್ರೋನ್ ಹುಡುಕಿತು, ಮುಂದಿನದು ನೆಲದ ಮ್ಯಾಲಿನ ಮಂದಿ ನೋಡಿಕೊಂಡ್ರು. ಹುಡುಕೂ ಕಣ್ಣು, ಬಂದೂಕಿನ ಟ್ರಿಗರ್ ಒತ್ತೂ ಬೆರಳು ಬ್ಯಾರೆ ಬ್ಯಾರೆ ಇದ್ದಾಗ ನಡುವ ಇನ್ನೊಂದು ಖಾತ್ರಿಗೆ ಜಾಗ ಇರ್ತೈತಿ. ಸ್ಕೋಪ್ ಆ ಜಾಗಾನ ಅಳಸ್ತೈತಿ. ಬರೇ ನೋಡಾಕಂತ ಎತ್ತಿದ ಸಲಾನೂ ನಳಿಗಿ ಆ ಕಡೆ ತಿರುಗಿರ್ತೈತಿ, ಅಲ್ಲಿ ಕುಂತವ ನೀರು ತಿರುವು ರೈತ ಇದ್ರೂ ಸೈ.

ಗಾಯದ ಮಾತಿಗೂ ಒಂದು ತಿದ್ದುಪಡಿ. ಥರ್ಮಲಿನ್ಯಾಗ ತಂತಿಬೇಲಿ, ಒಣ ಟೊಂಗಿ ಕಾಣೂದಿಲ್ಲ, ಅವು ಗಾಳಿಯಷ್ಟ ತಣ್ಣಗಿರ್ತಾವ. ಗುಂಡು ಅದಕ್ಕ ತಾಗಿ ಹೊರಳ್ತೈತಿ. ಗುಂಡಿನ ಹಿಂದ ಏನೈತಿ ಅನ್ನೂದೂ ಗೊತ್ತಾಗೂದಿಲ್ಲ. ಸುರಿದ ರಕ್ತ ಕೆಲವು ಮಿನಿಟಿನ್ಯಾಗ ಆರಿ ಯಂತ್ರದಿಂದ ಮಾಯ ಆಗ್ತೈತಿ. ಗಾಯದ ಹಂದಿ ಹತ್ತಡಿ ಕಬ್ಬಿನ್ಯಾಗ ಹೊಕ್ಕು ಕುಂತ್ರ ಮುಂಜಾನೆ ಅದರ ಎದುರಿಗೆ ಬರೂದು ಕುಡಗೋಲು ಹಿಡಿದ ಹೆಣ್ಣಮಗಳು.

---

ಕಬ್ಬಿನಸೀಮಿ

ಆತು, ಸ್ಕೋಪಿನ ಮಾತು ಕೈಬಿಟ್ಟಂಗ. ಮೊನಾಕ್ಯುಲರ್ ಅಷ್ಟ ತಂದ್ರ ಕಾವಲಿಗೆ ಹೆಂಗ ಬಳಸೂದು? ರೊಕ್ಕಕ್ಕ ತಕ್ಕಂಗ ಉಪಯೋಗ ಆಗ್ತೈತೇನು?

---

ಯರಿಹೊಲ

ಆಗ್ತೈತಿ, ಬೇಲಿ ಜೋಡಿ ಇದ್ರ. ಲೆನ್ಸ್ 19ಕ್ಕಿಂತ ದೊಡ್ಡದು ತರಬ್ಯಾಡ್ರಿ. 19ರಾಗ 100 ಮೀಟರಿಗೆ 24 ಮೀಟರ್ ಅಗಲ ಕಾಣ್ತೈತಿ, 35 ಆದ್ರ 13 ಮೀಟರ್ ಅಷ್ಟ, ಕಾವಲಿಗೆ ಅದು ಇಕ್ಕಟ್ಟು. ಅಟ್ಟ 8-10 ಅಡಿ ಎತ್ತರ ಇರಲಿ, ಬದು-ದಾರಿ-ಹಳ್ಳದ ಬಾಯಿ ನೋಡ್ರಿ, ಕಬ್ಬಿನ ಒಳಗ ನೋಡಬ್ಯಾಡ್ರಿ. ಹಂದಿ ಹೊಲ ಹೊಕ್ಕೂ ಮೊದಲ ಸದ್ದು-ಬೆಳಕು ಮಾಡಿದ್ರ ತಿರಗ್ತಾವ. ಹೊಕ್ಕ ಮ್ಯಾಲೆ ಏನು ಮಾಡಿದ್ರೂ ಕಬ್ಬು ಮುರೀತಾವ.

ಬೇಲಿ ಸೋಲಾರ್ ಎನರ್ಜೈಸರಿನದ (ತಂತಿಗೆ ಬಿಟ್ಟು ಬಿಟ್ಟು ಸಣ್ಣ ಝಟಕಾ ಕೊಡೂ ಯಂತ್ರ) ಆಗಬೇಕು. ಮೇನ್ ಲೈನಿಂದ ನೇರ ತಂತಿಗೆ ಕರೆಂಟ್ ಕೊಟ್ರ ಮನಷ್ಯಾನೂ ಸಾಯ್ತಾನ, ಕೇಸೂ ಆಗ್ತೈತಿ. ಹಂದಿಗೆ ಕೆಳಗಿನ ತಂತಿನ ಮುಖ್ಯ: ಮೊದಲನೇದು ನೆಲದಿಂದ 20 ಸೆಂ.ಮೀ., ಎರಡನೇದು 40, ಮೂರನೇದು 60. ಬೇಲಿಯ ಕಡೀ ತುದಿಯಾಗ ಮೀಟರ್ ಹಿಡಿದ್ರ 5 ಕಿಲೋವೋಲ್ಟ್ ಸುತ್ತ ತೋರಸಬೇಕು, 3ಕ್ಕ ಇಳಿದ್ರ ಹಂದಿ ಕೂದಲಿಗೆ ನಾಟೂದಿಲ್ಲ. ಇಳಿಯಾಕ ದೊಡ್ಡ ಕಾರಣ ಎರಡ: ತಂತಿಗೆ ಹುಲ್ಲು ತಾಗಿದ್ದು, ಇಲ್ಲಾ ಅರ್ಥಿಂಗ್. ಎರಿ ಮಣ್ಣು ಬ್ಯಾಸಿಗ್ಯಾಗ ಬಿರಿದು ರಾಡ್ ಸುತ್ತ ಸಂದು ಬಿಡ್ತೈತಿ. ಆರು ಅಡಿ ಉದ್ದದ ಮೂರು ರಾಡ್, ಒಂದಕ್ಕೊಂದು ಹತ್ತಡಿ ದೂರ, ಡ್ರಿಪ್ಪಿನ ಒಂದು ನಳಿ ಅವುಗಳ ಬುಡಕ್ಕ ಬಿಟ್ಟುಬಿಡ್ರಿ.

ಗ್ಯಾಂಗಿನವರು ಬಂದ ದಿನಾನ ಜೋಪಡಿ, ಕುರಿ ತರಬಿದ ಜಾಗ, ಮೋಟರ್ ಮನಿ ಎಲ್ಲೆಲ್ಲಿ ಅದಾವ ಅಂತ ಹಗಲಿನ್ಯಾಗ ಒಂದು ಹಾಳಿ ಮ್ಯಾಲೆ ಬರದು ಅಟ್ಟದಾಗ ಅಂಟಸ್ರಿ. ರಾತ್ರಿ ಹೊಳಿಯೂ ಚುಕ್ಕಿ ಆ ಹಾಳಿಯಾಗ ಇಲ್ಲಾಂದ್ರ ಅಷ್ಟ ತಗಡಿನ ಡಬ್ಬಿ ಬಾರಸ್ರಿ.