ಸೀಟಿ ಬೇಕಿತ್ತಾ, ಬೇಡವಾ? ಕಂಠೀರವದ ಆ ಫ್ರೀ ಕಿಕ್ ಬಗ್ಗೆ ಚರ್ಚೆ

ಅಶೋಕನಗರ ಫ್ಲ್ಯಾಗ್
2023ರ ಮಾರ್ಚ್ 3ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್) ಪ್ಲೇಆಫ್. ಬೆಂಗಳೂರು ಎಫ್‌ಸಿ, ಕೇರಳ ಬ್ಲಾಸ್ಟರ್ಸ್, ಕಂಠೀರವ ಕ್ರೀಡಾಂಗಣ. 90 ನಿಮಿಷದಲ್ಲಿ ಗೋಲಿಲ್ಲ. ಎಕ್ಸ್‌ಟ್ರಾ ಟೈಮಿನಲ್ಲಿ, 96ನೇ ನಿಮಿಷಕ್ಕೆ, ಪೆನಾಲ್ಟಿ ಬಾಕ್ಸ್ ಹೊರಗೆ ಬೆಂಗಳೂರಿಗೆ ಫ್ರೀ ಕಿಕ್. ಕೇರಳದ ಕೀಪರ್ ಗಿಲ್ ಇನ್ನೂ ವಾಲ್ (ಕಿಕ್ ತಡೆಯೋಕೆ ಸಾಲಾಗಿ ನಿಲ್ಲೋ ಆಟಗಾರರು) ಜೋಡಿಸ್ತಾ ಇದ್ದಾಗಲೇ ಬೆಂಗಳೂರಿನ ಸುನಿಲ್ ಛೇತ್ರಿ ಚೆಂಡನ್ನ ಗೋಲಿಗೆ ಹಾಕಿದ್ರು. ರೆಫರಿ ಕ್ರಿಸ್ಟಲ್ ಜಾನ್ ಗೋಲು ಕೊಟ್ಟರು. ಕೇರಳದ ಕೋಚ್ ವುಕೊಮನೊವಿಚ್ ತಂಡವನ್ನ ಹೊರಗೆ ಕರೆದ್ರು, ಬ್ಲಾಸ್ಟರ್ಸ್ ವಾಪಸ್ ಬರಲಿಲ್ಲ, ಬೆಂಗಳೂರು ಗೆದ್ದಿದೆ ಅಂತ ಘೋಷಣೆ ಆಯ್ತು.

ಇವತ್ತಿಗೂ "ಸೀಟಿ ಊದದೆ ಹೊಡೆದ ಗೋಲು ಹೇಗೆ ಆಗುತ್ತೆ" ಅಂತ ಕೇಳ್ತಾರೆ. ಫುಟ್‌ಬಾಲ್ ನಿಯಮಪುಸ್ತಕದ ನಿಯಮ 5 ಓದಿ. ಆಟ ಮತ್ತೆ ಶುರು ಮಾಡೋಕೆ ಸೀಟಿ ಬೇಡ ಅನ್ನೋ ಪಟ್ಟಿಯಲ್ಲಿ ಗೋಲ್ ಕಿಕ್, ಕಾರ್ನರ್, ಥ್ರೋ, ಡ್ರಾಪ್ ಬಾಲ್ ಜೊತೆಗೆ "ಹೆಚ್ಚಿನ ಫ್ರೀ ಕಿಕ್‌ಗಳು" ಕೂಡ ಇವೆ. ಚೆಂಡು ನಿಂತಿರಬೇಕು, ಒದ್ದ ಮೇಲೆ ಸ್ಪಷ್ಟವಾಗಿ ಕದಲಬೇಕು, ಅಷ್ಟೇ. ಗೋಲು ಸರಿಯಾಗಿದೆ.

ಕಾಸರಗೋಡು ಹಳದಿ
"ಹೆಚ್ಚಿನ" ಅಂತ ನೀವೇ ಬರೆದಿದ್ದೀರಿ, ಎಲ್ಲ ಅಂತ ಅಲ್ಲ. ಅದೇ ನಿಯಮ 5ರಲ್ಲಿ ಸೀಟಿ ಬೇಕೇ ಬೇಕು ಅನ್ನುವ ಪಟ್ಟಿಯೂ ಉಂಟು, ಅದನ್ನು ಯಾಕೆ ಬಿಟ್ಟಿರಿ? ಪೆನಾಲ್ಟಿ ಉಂಟು, ಕಾರ್ಡ್ ತೋರಿಸಿದ ಮೇಲೆ, ಗಾಯ ಆದ ಮೇಲೆ, ಬದಲಿ ಆಟಗಾರ ಬಂದ ಮೇಲೆ ಉಂಟು, ಎದುರಾಳಿಗಳನ್ನು ಚೆಂಡಿನಿಂದ 9.15 ಮೀಟರ್ ದೂರ ಬಿಡಿಸಬೇಕಾದ ಫ್ರೀ ಕಿಕ್ ಕೂಡ ಉಂಟು. ಬಾಕ್ಸಿನ ಹತ್ತಿರದ ಕಿಕ್, ಎದುರಿಗೆ ವಾಲ್ ಕಟ್ಟುತ್ತಾ ಇದ್ದಾರೆ. ದೂರ ಬಿಡಿಸಬೇಕಾದ ಕಿಕ್ ಇದಲ್ಲದಿದ್ದರೆ ಮತ್ತೆ ಯಾವುದು ಮಾರಾಯ್ರೆ?

ಗೌತಮಪುರ 10
ವಾಲ್ ಕಟ್ಟೋದು ಡಿಫೆಂಡಿಂಗ್ ಟೀಮಿನ ಹಕ್ಕು ಅಂತ ಯಾವ ನಿಯಮದಲ್ಲಿದೆ ಗುರು, ತೋರಿಸು. 9.15 ಮೀಟರ್ ದೂರ ಇರೋದು ಫೌಲ್ ತಿಂದ ಟೀಮಿಗಾಗಿ. ಅವರು ಬೇಡ ಅಂದ್ರೆ ಮುಗೀತು. ಫೌಲ್ ಮಾಡಿದವರು ಆರಾಮಾಗಿ ಐದು ಜನ ನಿಲ್ಲಿಸಿಕೊಳ್ಳೋ ತನಕ ಫೌಲ್ ತಿಂದವರು ಕಾಯಬೇಕಾ? ಹಾಗಾದ್ರೆ ಫೌಲ್ ಮಾಡಿದವರಿಗೇ ಲಾಭ.

ಮಡಿಕೇರಿ ಕೀಪರ್
ಹಕ್ಕಿನ ಮಾತು ಬಿಡಿ, ಕೆಲಸದ ಮಾತು ಹೇಳ್ತೀನಿ. ಕೀಪರ್ ಯಾವಾಗ ಪೋಸ್ಟ್ ಹತ್ತಿರ ಹೋಗಿ ವಾಲ್ ಜೋಡಿಸಬಹುದು? ರೆಫರಿ ಸೀಟಿಯನ್ನು ಮೇಲೆತ್ತಿ ಬೆರಳಿಂದ ತೋರಿಸಿದ ಮೇಲೆ. "ಇನ್ನು ನಾನು ಊದಿದ ಮೇಲೆ ಹೊಡೆಯಬೇಕು" ಅನ್ನೋದಕ್ಕೆ ಅದೇ ಸನ್ನೆ, ಎರಡೂ ಕಡೆಯವರಿಗೂ ಅದು ಕಾಣಬೇಕು. ಅದು ಬರುವ ತನಕ ಕೀಪರ್ ಕಣ್ಣು ಚೆಂಡಿನ ಮೇಲೇ ಇರಬೇಕು, ಕಾಲು ಗೋಲಿನ ನಡುವೆ ಇರಬೇಕು. ವಾಲ್ ಸರಿಸೋ ಕೆಲಸವನ್ನ ಹೊರಗಿನ ಆಟಗಾರ ಮಾಡಬೇಕು. ಕ್ಯಾಪ್ಟನ್ ರೆಫರಿ ಹತ್ತಿರ ಹೋಗಿ "ಸೀಟಿಗಾ?" ಅಂತ ಕೇಳಬೇಕು. ಇಷ್ಟನ್ನ ಜೂನಿಯರ್ ಟೀಮಿಗೂ ಕಲಿಸ್ತಾರೆ.

ಕಾಸರಗೋಡು ಹಳದಿ
"ಎರಡೂ ಕಡೆಯವರಿಗೂ ಕಾಣಬೇಕು" ಅಂದಿರಲ್ಲ, ನನ್ನ ವಾದವೂ ಅದೇ. ಪಂದ್ಯ ಮುಗಿದ ಮೇಲೆ ಛೇತ್ರಿ ಹೇಳಿದ್ದು ಏನು? ನನಗೆ ಸೀಟಿ ಬೇಡ, ವಾಲ್ ಬೇಡ ಅಂತ ರೆಫರಿಗೆ ಹೇಳಿದೆ ಅಂತ. ಅಂದರೆ ಮಾತುಕತೆ ಆದದ್ದು ಒಂದೇ ಕಡೆಯವರ ಹತ್ತಿರ. ಇನ್ನೊಂದು ಕಡೆಯವರಿಗೆ ರೆಫರಿ ಏನು ಹೇಳಿದರು?

ಗೌತಮಪುರ 10
ಪೂರ್ತಿ ಹೇಳು. ಕೇರಳದ ಆಟಗಾರ ಲೂನಾ ಪಕ್ಕದಲ್ಲೇ ಇದ್ದ, ಕೇಳಿಸಿಕೊಂಡ, ಅದಕ್ಕೇ ಮೊದಲ ಸಲ ಹೊಡೆಯೋಕೆ ಹೋದಾಗ ಅಡ್ಡ ಬಂದ ಅಂತಲೂ ಛೇತ್ರಿ ಹೇಳಿದ್ದಾರೆ. ಕೇರಳದ ಆಟಗಾರನಿಗೇ ಗೊತ್ತಿತ್ತು. ಗೊತ್ತಿದ್ದೂ ಕೀಪರ್‌ಗೆ ಕೂಗಿ ಹೇಳಲಿಲ್ಲ ಅಂದ್ರೆ ಅದು ರೆಫರಿ ತಪ್ಪಾ?

ಬೆಳಗಾವಿ ಸೀಟಿ
"ಅಡ್ಡ ಬಂದ" ಅಂದ್ರಲ್ರೀ, ಅದನ್ನ ಹಂಗ ದಾಟಿ ಹೋಗಬ್ಯಾಡ್ರಿ. ನಿಯಮ 13ರಾಗ ಎರಡು ಬ್ಯಾರೆ ಬ್ಯಾರೆ ಮಾತು ಅದಾವು. ಲಗೂನ ಹೊಡೆದ ಫ್ರೀ ಕಿಕ್ಕನ್ನ 9.15 ಮೀಟರ್ ಒಳಗ ಇದ್ದಾಂವ ತಡದ್ರ ಆಟ ಮುಂದ ನಡೀತೈತಿ. ಆದ್ರ ಬೇಕಂತನ ಕಿಕ್ ಹೊಡೀಗೊಡದಂಗ ಮಾಡಿದ್ರ ಹಳದಿ ಕಾರ್ಡ್ ಕೊಡಬೇಕು, "ಕೊಡಬಹುದು" ಅಂತಿಲ್ಲ. ಲೂನಾ ಮಾಡಿದ್ದು ಎರಡನೇದಾದ್ರ ಕಾರ್ಡ್ ಎಲ್ಲಿ? ಕಾರ್ಡ್ ತಗದಿದ್ರ ಸೀಟಿ ಇಲ್ಲದ ಆಟ ಶುರು ಆಗ್ತಿದ್ದಿಲ್ಲ. ರೆಫರಿ ಒಂದು ಕಾರ್ಡ್ ಉಳಿಸಾಕ ಹೋಗಿ ಪಂದ್ಯ ಕಳಕೊಂಡ್ರು.

ಅಶೋಕನಗರ ಫ್ಲ್ಯಾಗ್
"ಕಾರ್ಡ್ ತಗದಿದ್ರ ಸೀಟಿ ಇಲ್ಲದ ಶುರು ಆಗ್ತಿದ್ದಿಲ್ಲ" ಅನ್ನೋದು 2019ಕ್ಕಿಂತ ಹಿಂದಿನ ಮಾತು. ಆ ವರ್ಷ ನಿಯಮ 12ಕ್ಕೆ ತಿದ್ದುಪಡಿ ಬಂತು. ರೆಫರಿ ಕಾರ್ಡ್ ಕೊಡಬೇಕು ಅಂತ ಮನಸ್ಸಲ್ಲಿ ತೀರ್ಮಾನಿಸಿದ್ರೂ, ಕಾರ್ಡ್ ಕೊಡೋ ಪ್ರಕ್ರಿಯೆ ಶುರು ಆಗಿರದಿದ್ರೆ, ಗೋಲಿನ ಸ್ಪಷ್ಟ ಅವಕಾಶ ಇದ್ರೆ, ಫೌಲ್ ತಿಂದ ತಂಡ ತಕ್ಷಣ ಕಿಕ್ ಹೊಡೀಬಹುದು. ಕಾರ್ಡನ್ನ ಮುಂದಿನ ಸಲ ಆಟ ನಿಂತಾಗ ಕೊಡ್ತಾರೆ. ಕೀಪರ್ ಜಾಗದಲ್ಲಿಲ್ಲ, ಗೋಲು ತೆರೆದಿದೆ. ಇದಕ್ಕಿಂತ ಸ್ಪಷ್ಟ ಅವಕಾಶ ಯಾವುದು?

ಬೆಳಗಾವಿ ಸೀಟಿ
"ಪ್ರಕ್ರಿಯೆ ಶುರು ಆಗಿರದಿದ್ರೆ". ಯಾಕ ಶುರು ಆಗಲಿಲ್ಲ ಅನ್ನೋದ ನನ್ನ ಪ್ರಶ್ನೆ. ಕಿಸೆಗೆ ಕೈ ಹಾಕಿದ್ರ, ಆಟಗಾರನ್ನ ಕರದ್ರ ಸಾಕು, ಶುರು ಆತು. ಕಣ್ಮುಂದ ಒಬ್ಬಾಂವ ಕಿಕ್ಕಿಗೆ ಅಡ್ಡ ನಿಂತಾನ, ಸುಮ್ಮನ ನೋಡೋದು ಸರಿ ಏನು?

ಇನ್ನೊಂದು. ಮೊದಲನೇ ಸಲ ಹೊಡೀವಾಗ ಚೆಂಡು ಕದಲಿದ್ರ ಅದ ಕಿಕ್. ಆಮ್ಯಾಲ ಬ್ಯಾರೆ ಯಾರೂ ಮುಟ್ಟದ ಛೇತ್ರಿ ಮತ್ತ ಮುಟ್ಟಿದ್ರ ಎರಡು ಸಲ ಮುಟ್ಟಿದಂಗ, ಕೇರಳಕ್ಕ ಇಂಡೈರೆಕ್ಟ್ ಫ್ರೀ ಕಿಕ್ (ನೇರ ಗೋಲು ಹೊಡೀಲಿಕ್ಕೆ ಬರದ ಕಿಕ್).

ಗೌತಮಪುರ 10
ಮುಟ್ಟಿದ್ರ, ಕದಲಿದ್ರ! ಎಲ್ಲಾ ರ-ಕಾರದ ಮೇಲೇ ನಿಂತಿದೆ ನಿಮ್ಮ ವಾದ. ಚೆಂಡು ಕದಲಲಿಲ್ಲ ಅಂದ್ರೆ ಕಿಕ್ಕೇ ಆಗಿಲ್ಲ, ಛೇತ್ರಿ ಮತ್ತೆ ಹೊಡೀಬಹುದು. ಕದಲಿ ಲೂನಾಗೆ ತಗುಲಿತು ಅಂದ್ರೆ ಇನ್ನೊಬ್ಬ ಮುಟ್ಟಿದ ಹಾಗಾಯ್ತು, ಆಗಲೂ ಹೊಡೀಬಹುದು. ಕೇರಳಕ್ಕೆ ಕಿಕ್ ಸಿಗೋ ದಾರಿ ಎಲ್ಲಿದೆ?

ಬೆಳಗಾವಿ ಸೀಟಿ
ಲೂನಾಗ ತಗುಲಿದ ಮ್ಯಾಲ ಚೆಂಡು ಆಟದಾಗ ಐತಿ ಅಂತಾತು. ಹಂಗಿದ್ರ ಅಲ್ಲಿ ಫ್ರೀ ಕಿಕ್ಕ ಉಳಿದಿಲ್ಲ. ನೀವು ಎರಡೂ ಕಡೆ ಮಾತಾಡಾಕತ್ತೀರಿ.

ಗೌತಮಪುರ 10
ನಾನು ಎರಡೂ ಕಡೆ ಮಾತಾಡ್ತಿಲ್ಲ, ನೀವು ಹಾಕಿದ ಎರಡು ಷರತ್ತಿಗೂ ಉತ್ತರ ಕೊಟ್ಟೆ. ಎರಡರಲ್ಲೂ ನಿಮಗೆ ಸೋಲು.

ಮಡಿಕೇರಿ ಕೀಪರ್
ಲೂನಾ ಕಾಲಿನ ಬಗ್ಗೆ ಇಷ್ಟು ಜಗಳ ಯಾಕೆ? ಚೆಂಡಿನ ಮುಂದೆ ಒಬ್ಬನನ್ನ ನಿಲ್ಲಿಸೋದು ಎಲ್ಲ ತಂಡಗಳೂ ಮಾಡುವ ಕೆಲಸ. ನಿಂತವನು ಹಿಂದೆ ಹೆಜ್ಜೆ ಹಾಕ್ತಿದ್ರೆ ರೆಫರಿ ಬಿಡ್ತಾರೆ. ಕಾಲು ಮುಂದೆ ಚಾಚಿದ್ರೆ, ಚೆಂಡಿನ ಕಡೆಗೆ ನಡೆದ್ರೆ ಕಾರ್ಡ್. ತರಬೇತಿಯಲ್ಲಿ ಹೇಳಿಕೊಡೋದು ಇದನ್ನೇ.

ಬೆಳಗಾವಿ ಸೀಟಿ
ಎಲ್ಲಾರೂ ಮಾಡ್ತಾರ ಅಂದ್ರ ನಿಯಮ ಬದಲಾಗೂದಿಲ್ರೀ. ಫ್ರೀ ಕಿಕ್ಕಿಗೆ ದೂರ ಬಿಡದಿದ್ರ ಹಳದಿ ಅಂತ ನಿಯಮ 12ರಾಗ ಪ್ರತ್ಯೇಕ ಸಾಲೈತಿ. ಈ ಸಾಲನ್ನ ಮೊದಲ ನಿಮಿಷದಿಂದ ಜಾರಿಗೆ ತಂದಿದ್ರ 96ನೇ ನಿಮಿಷಕ್ಕ ಈ ಗೊಂದಲ ಹುಟ್ಟತಿದ್ದಿಲ್ಲ.

ಕಾಸರಗೋಡು ಹಳದಿ
ಬೆಳಗಾವಿಯವರು ಹೇಳುವುದು ಸರಿ, ಆದರೆ ಕಾರಣ ಬೇರೆ. ಲೂನಾ ಅಡ್ಡ ಬಂದಾಗಲೇ "ತಕ್ಷಣದ ಕಿಕ್" ಮುಗಿದು ಹೋಯಿತು. ಅಲ್ಲಿಗೆ ರೆಫರಿ ಮಧ್ಯೆ ಬರಬೇಕಿತ್ತು. ಚೆಂಡಿನ ಜಾಗಕ್ಕೆ ಗುರುತಿನ ಬಿಳಿ ಸ್ಪ್ರೇ ಹಾಕಿ, ವಾಲ್ ಕಡೆ ಹೋಗುವ ರೆಫರಿಯನ್ನು ನೋಡಿದ ಯಾವ ಆಟಗಾರನೂ ಇನ್ನು ಸೀಟಿ ಆಗುತ್ತದೆ ಅಂತಲೇ ತಿಳಿದುಕೊಳ್ಳುತ್ತಾನೆ.

ಅಶೋಕನಗರ ಫ್ಲ್ಯಾಗ್
ಸ್ಪ್ರೇಗೆ ನಿಯಮದಲ್ಲಿ ಆ ಅರ್ಥ ಇಲ್ಲ. ರೆಫರಿಯ ಕಡ್ಡಾಯ ಸಲಕರಣೆ ಅಂದ್ರೆ ಸೀಟಿ, ಗಡಿಯಾರ, ಹಳದಿ ಕೆಂಪು ಕಾರ್ಡು, ನೋಟುಪುಸ್ತಕ. ಸ್ಪ್ರೇ ಆ ಪಟ್ಟಿಯಲ್ಲೇ ಇಲ್ಲ. ಚೆಂಡಿನ ಪಕ್ಕದ ಗುರುತು ಆಟಗಾರ ಎರಡು ಗಜ ಮುಂದೆ ಸರಿಯದೇ ಇರೋಕೆ. ವಾಲ್ ಮುಂದಿನ ಗೆರೆ ದೂರ ಅಳೆದದ್ದಕ್ಕೆ. ಮೊದಲನೆಯದು ಇದ್ದ ಮಾತ್ರಕ್ಕೆ ಎರಡನೆಯದೂ ಆಯ್ತು ಅಂತಲ್ಲ.

ಕಾಸರಗೋಡು ಹಳದಿ
ಪಟ್ಟಿಯಲ್ಲಿ ಇಲ್ಲದ ವಸ್ತುವನ್ನು ಕೈಯಲ್ಲಿ ಹಿಡಿದು ಓಡಾಡಿದರೆ ಆಟಗಾರರಿಗೆ ಏನು ಸಂದೇಶ ಹೋಗುತ್ತದೆ? ನಿಯಮಕ್ಕಿಂತ ಮೊದಲು ಆಟಗಾರ ನೋಡುವುದು ರೆಫರಿಯ ಮೈಯನ್ನು. ಜಾಗ ಗುರುತು ಮಾಡಲು ಬಗ್ಗಿದರೆ ಆಟ ನಿಂತಿದೆ ಅಂತ ಲೆಕ್ಕ.

ಗೌತಮಪುರ 10
ನಿನ್ನ ಲೆಕ್ಕ ನಿಯಮಪುಸ್ತಕದಲ್ಲಿಲ್ಲ. 2004ರ ಡಿಸೆಂಬರ್ 12, ಹೈಬರಿ, ಆರ್ಸೆನಲ್-ಚೆಲ್ಸಿ. ಚೆಲ್ಸಿ ಕೀಪರ್ ಪೀಟರ್ ಚೆಕ್ ಗೋಲ್ ಪೋಸ್ಟ್ ಹತ್ತಿರ ವಾಲ್ ಸರಿ ಮಾಡ್ತಿದ್ದಾಗ ಆರ್ಸೆನಲ್‌ನ ಥಿಯರಿ ಹೆನ್ರಿ ಹೊಡೆದ, ಗೋಲು. ಈಗಲೇ ಹೊಡೀತೀಯಾ, ಸೀಟಿಗೆ ಕಾಯ್ತೀಯಾ ಅಂತ ರೆಫರಿ ಗ್ರಹಾಂ ಪೋಲ್ ಮೊದಲೇ ಕೇಳಿದ್ರು. ಛೇತ್ರಿದೂ ಅದೇ. ಇಪ್ಪತ್ತು ವರ್ಷದ ಹಿಂದಿಂದ ಇರೋ ಪದ್ಧತಿ.

ಕಾಸರಗೋಡು ಹಳದಿ
ಹೆನ್ರಿ ಗೋಲಿಗೆ ಚೆಲ್ಸಿಯವರು ರೆಫರಿಯನ್ನು ಮುತ್ತಿಕೊಂಡಿದ್ದರು ಅನ್ನುವುದನ್ನು ಬಿಟ್ಟಿರಿ. ಅಲ್ಲಿಯೂ ಸಂದೇಶ ಒಂದೇ ಕಡೆಗೆ ಹೋಗಿತ್ತು. ಎರಡು ಕಡೆ ಒಂದೇ ಎಡವಟ್ಟು ಆದರೆ ಅದು ಪದ್ಧತಿ ಆಗುವುದಿಲ್ಲ.

ಮಡಿಕೇರಿ ಕೀಪರ್
"ಮುತ್ತಿಕೊಂಡಿದ್ದರು", ಆದರೆ ಆಡಿದ್ರು. ಪಂದ್ಯ 2-2 ಆಯ್ತು. 2007ರ ಫೆಬ್ರವರಿ 20ರಂದು ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಲಿಲ್ಲ್ ತಂಡ ಕೂಡ ರಯಾನ್ ಗಿಗ್ಸ್‌ನ 83ನೇ ನಿಮಿಷದ ಇಂಥದೇ ಫ್ರೀ ಕಿಕ್‌ಗೆ ಮೈದಾನದಿಂದ ಹೊರಗೆ ನಡೆಯೋಕೆ ಶುರು ಮಾಡಿತ್ತು. ಅವರೂ ವಾಪಸ್ ಬಂದು ಪಂದ್ಯ ಮುಗಿಸಿದ್ರು. ಕೇರಳಕ್ಕೆ ಇನ್ನೂ ಸುಮಾರು 24 ನಿಮಿಷ ಇತ್ತು. ಒಂದು ಗೋಲು ತೀರಿಸೋಕೆ ಅದು ಸಾಲದಾ?

ಕಾಸರಗೋಡು ಹಳದಿ
24 ನಿಮಿಷ ಆಡಿ ಸೋತಿದ್ದರೆ ಈ ತಪ್ಪಿನ ಬಗ್ಗೆ ಯಾರಾದರೂ ಮಾತಾಡುತ್ತಿದ್ದರಾ? ಇಂಡಿಯಾದಲ್ಲಿ ಆಗ ವಿಎಆರ್ (ವಿಡಿಯೋ ನೋಡಿ ತೀರ್ಪು ಪರಿಶೀಲಿಸುವ ವ್ಯವಸ್ಥೆ) ಇರಲಿಲ್ಲ, ಬೇರೆ ದಾರಿ ಇರಲಿಲ್ಲ. ಬ್ಲಾಸ್ಟರ್ಸ್ ಕೇಳಿದ್ದು ಮರುಪಂದ್ಯ. ನಿಯಮ 7ರಲ್ಲಿ ನಿಂತು ಹೋದ ಪಂದ್ಯವನ್ನು ಮತ್ತೆ ಆಡಿಸಬೇಕು ಅಂತಲೇ ಉಂಟು.

ಅಶೋಕನಗರ ಫ್ಲ್ಯಾಗ್
ಆ ವಾಕ್ಯವನ್ನ ಅರ್ಧಕ್ಕೆ ನಿಲ್ಲಿಸಬೇಡಿ. "ಟೂರ್ನಿಯ ನಿಯಮ ಅಥವಾ ಸಂಘಟಕರು ಬೇರೆ ತೀರ್ಮಾನ ಮಾಡದಿದ್ದರೆ" ಅಂತ ಇದೆ. ಎಐಎಫ್‌ಎಫ್ (ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ) ಶಿಸ್ತು ಸಮಿತಿ ಅರ್ಜಿ ತಳ್ಳಿಹಾಕಿತು. ತಿಂಗಳ ಕೊನೆಗೆ ತಂಡಕ್ಕೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯ ನಿಷೇಧ ಮತ್ತು 5 ಲಕ್ಷ. ಗೋಲು ಆಯ್ತಾ ಇಲ್ವಾ ಅನ್ನೋದರಲ್ಲಿ ರೆಫರಿ ಮಾತೇ ಅಂತಿಮ, ನಿಯಮ 5.

ಕಾಸರಗೋಡು ಹಳದಿ
ದಂಡ ಹಾಕಿದ್ದು ಮೈದಾನ ಬಿಟ್ಟದ್ದಕ್ಕೆ. ಗೋಲು ಸರಿ ಅನ್ನುವುದಕ್ಕೆ ಅದು ಪುರಾವೆ ಅಲ್ಲ. ಎರಡನ್ನು ಕಲಸಬೇಡಿ.

ಬೆಳಗಾವಿ ಸೀಟಿ
ಮೈದಾನ ಬಿಟ್ಟದ್ದು ತಪ್ಪ, ಅದರಾಗ ನನಗ ಮಾತಿಲ್ಲ. 2012ರ ಡಿಸೆಂಬರ್ 9ರ ಕೋಲ್ಕತ್ತಾ ಡರ್ಬಿಯೊಳಗ ಮೋಹನ್ ಬಗಾನ್ ಎರಡನೇ ಅರ್ಧ ಆಡಲಿಲ್ಲ, ಮೊದಲು ಎರಡು ವರ್ಷ ಐ-ಲೀಗಿನಿಂದ ನಿಷೇಧ, ಆಮ್ಯಾಲ ಅದನ್ನ ತಗದು 2 ಕೋಟಿ ದಂಡ ಹಾಕಿದ್ರು, ಅಲ್ಲಿತನಕ ಗಳಿಸಿದ ಅಂಕನೂ ಹೋದುವು. ಆದ್ರ ಲೂನಾನ ಕಾರ್ಡಿಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಗೌತಮಪುರ 10
ಮತ್ತೆ ಲೂನಾ! ಲೂನಾಗೆ ಕಾರ್ಡ್ ಕೊಟ್ಟಿದ್ರೆ ಕೇರಳಕ್ಕೆ ಲಾಭ ಆಗ್ತಿತ್ತು, ಅವರ ಕೀಪರ್‌ಗೆ ಟೈಮ್ ಸಿಗ್ತಿತ್ತು. ತಪ್ಪು ಮಾಡಿದವನಿಗೆ ಕಾರ್ಡ್ ಕೊಟ್ಟು ಅವನ ಟೀಮನ್ನೇ ಉಳಿಸೋ ರೆಫರಿ ಬೇಕಾ ನಿಮಗೆ? 2019ರ ತಿದ್ದುಪಡಿ ತಂದಿದ್ದೇ ಇದನ್ನ ತಡೆಯೋಕೆ.

ಬೆಳಗಾವಿ ಸೀಟಿ
ಲಾಭ ಯಾರಿಗೆ ಅಂತ ನೋಡಿ ಕಾರ್ಡ್ ತಗಿಯೂದಲ್ರೀ. ಹಂಗ ಮಾಡಿದ್ರ ಅದು ರೆಫರಿಂಗ್ ಅಲ್ಲ.

ಮಡಿಕೇರಿ ಕೀಪರ್
ರೆಫರಿ ಏನು ಮಾಡಬೇಕಿತ್ತು ಅಂತ ಯಾರೂ ಪೂರ್ತಿ ಬರೆಯಲಿಲ್ಲ. ಫೌಲ್‌ಗೆ ಊದಿದ ಕೂಡಲೇ ಚೆಂಡಿನಿಂದ ದೂರ ಸರಿಯಬೇಕು, ಹೊಡೆಯುವವನ ದಾರಿಯಲ್ಲಿ ನಿಲ್ಲಬಾರದು. ದೂರ ಬೇಕಾ ಅಂತ ಅವನನ್ನ ಕೇಳಬೇಕು. ಬೇಡ ಅಂದ್ರೆ ವಾಲ್ ಕಡೆ ಒಂದು ಹೆಜ್ಜೆಯೂ ಇಡಬಾರದು, ಯಾರನ್ನೂ ಹಿಂದೆ ತಳ್ಳಬಾರದು. ಬೇಕು ಅಂದ್ರೆ ಸೀಟಿ ತೋರಿಸಿ, ಚೆಂಡಿನ ಮೇಲೆ ಕಣ್ಣಿಟ್ಟು ಹಿಮ್ಮುಖವಾಗಿ ಹತ್ತು ಹೆಜ್ಜೆ ಹೋಗಿ ವಾಲ್ ನಿಲ್ಲಿಸಬೇಕು. ಹತ್ತು ಹೆಜ್ಜೆ ಸರಿಯಾಗಿದೆಯಾ ಅಂತ ನೋಡಿಕೊಳ್ಳೋಕೆ ಮೈದಾನದ ಮಧ್ಯದ ವೃತ್ತವೇ ಇದೆ, ಅದರ ತ್ರಿಜ್ಯವೂ 9.15. ವಾಲಿನಲ್ಲಿ ಮೂವರು ಅಥವಾ ಹೆಚ್ಚು ಜನ ಇದ್ರೆ ಹೊಡೆಯುವ ತಂಡದವರನ್ನ ಅದರಿಂದ ಒಂದು ಮೀಟರ್ ದೂರ ಇಡಬೇಕು. ಒಮ್ಮೆ ಸೀಟಿ ತೋರಿಸಿದ ಮೇಲೆ ಊದೋದಕ್ಕೆ ಮೊದಲು ಹೊಡೆದ ಚೆಂಡು ಗೋಲಿಗೆ ಹೋದ್ರೂ ಮತ್ತೆ ಹೊಡೆಸಲೇಬೇಕು. ಕೆಡೋದು ಯಾವಾಗ ಅಂದ್ರೆ, ಕೇಳದೇನೇ ರೆಫರಿ ವಾಲ್ ಸರಿಸೋಕೆ ಹೊರಟಾಗ. ಅಲ್ಲಿಂದ ಮುಂದೆ ಅವರೇ ಕಿಕ್ ಹಿಡಿದು ನಿಲ್ಲಿಸಿದ ಹಾಗೆ.

ಕಾಸರಗೋಡು ಹಳದಿ
"ವಾಲ್ ಕಡೆ ಒಂದು ಹೆಜ್ಜೆಯೂ ಇಡಬಾರದು." ಇದನ್ನೇ ನಾನು ಮೊದಲಿನಿಂದ ಹೇಳುತ್ತಿರುವುದು. ಧನ್ಯವಾದ.

ಮಡಿಕೇರಿ ಕೀಪರ್
ನಿಮ್ಮ ಪರವಾಗಿ ನಾನು ಹೇಳಲಿಲ್ಲ. ಅದರ ಹಿಂದಿನ ಸಾಲೂ ಓದಿ: ಬೇಡ ಅಂದ್ರೆ ಸೀಟಿ ಇಲ್ಲ.

ಗೌತಮಪುರ 10
ಓದಲ್ಲ ಅವರು. ಸೀಟಿ ತೋರಿಸಿದ ಒಂದು ಫೋಟೋ, ಒಂದು ವಿಡಿಯೋ ಇದ್ರೆ ಹಾಕಿ, ನಾಳೆಯಿಂದ ಈ ವಿಷಯ ಎತ್ತಲ್ಲ.

ಕಾಸರಗೋಡು ಹಳದಿ
ಸೀಟಿ ಬೇಡ ಅಂತ ಎರಡೂ ತಂಡಕ್ಕೆ ಹೇಳಿದ ವಿಡಿಯೋ ನೀವು ಹಾಕಿ.

ಬೆಳಗಾವಿ ಸೀಟಿ
ವಿಡಿಯೋ ಹಾಕೂದಾದ್ರ ಲೂನಾ ಕಾಲು ಚಾಚಿದ ಕ್ಷಣದಿಂದ ಹಾಕ್ರಿ. ಅಲ್ಲಿ ಚೆಂಡಿನಿಂದ ಅಂವ ಎಷ್ಟು ದೂರ ನಿಂತಾನ ಅಂತ ಅಳದು ನೋಡೂಣು.